ದ್ಯಾಮವ್ವನ ಡಬ್ಬಿ ಮತ್ತು ವೆಲ್ಡನ್‌ಶೈರ್ ಪದ್ಧತಿಯ ಚುನಾವಣೆ

2006ರ ಡಿಸೆಂಬರ್ 16, ಶನಿವಾರ, ಬೆಳಿಗ್ಗೆ 9.40ಕ್ಕೆ ಅಮೆರಿಕದ ನ್ಯೂಕ್ಯಾಸಲ್ ಪೊಲೀಸ್ ಠಾಣೆಗೆ ದೂರು ಬಂತು. ಠಾಣೆ ಜನರೇಟರಿನ ಮೇಲೆ ಓಡುತ್ತಿತ್ತು. ಗುರುವಾರ ರಾತ್ರಿಯ ಬಿರುಗಾಳಿಗೆ ಸಿಯಾಟಲ್ ಸುತ್ತಮುತ್ತಲಿನ ಮರಗಳೆಲ್ಲ ಕರೆಂಟಿನ ತಂತಿಯ ಮೇಲೆ ಒರಗಿಕೊಂಡಿದ್ದವು. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮರ ಬಿತ್ತು, ತಂತಿ ಹರಿಯಿತು, ಪಕ್ಕದ ಮನೆಯ ಜನರೇಟರಿನ ಹೊಗೆ ಬರುತ್ತಿದೆ. ಇವುಗಳ ನಡುವೆ ಡೆಪ್ಯುಟಿ ಹಾಲಿಸ್ ಎತ್ತಿಕೊಂಡ ಒಂದು ಕರೆಯಲ್ಲಿ ಹೆಂಗಸೊಬ್ಬಳು ಅವನಿಗೆ ತಿಳಿಯದ ಭಾಷೆಯಲ್ಲಿ ಜೋರು ಮಾಡುತ್ತಿದ್ದಳು. ಅವನು ಫೋನನ್ನು ಸೀದಾ ಡಿಟೆಕ್ಟಿವ್ ವೇದಾಳ ಕೈಗೆ ಕೊಟ್ಟ.

ವೇದಾ ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮನ ಜೊತೆ ಹಾಸನದಿಂದ ಬಂದವಳು. ಡಾಟ್‌ಕಾಮ್ ಕಂಪನಿಗಳು ಮುಳುಗಿದಾಗ ಸಾಫ್ಟ್‌ವೇರ್ ಕೆಲಸ ಹೋಗಿ ಪೊಲೀಸ್ ಸೇರಿದ್ದಳು. ಅವಳ ಮನೆಯಲ್ಲಿ ಅದನ್ನು ಇನ್ನೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಯಾರ್ರೀ ಅದು? ಕನ್ನಡ ಬರ್ತದೇನು?"

"ಬರುತ್ತೆ. ಹೇಳಿ."

"ನನ್ನ ಡಬ್ಬಿ ಕಳುವಾಗ್ಯದ. ದೊಡ್ಡ ಸ್ಟೀಲಿನ ಡಬ್ಬಿ. ತವರುಮನಿಯವರು ಕೊಟ್ಟಿದ್ದು. ಮ್ಯಾಲ ದ್ಯಾಮವ್ವ ಅಂತ ಹೆಸರು ಕೊರಿಸ್ಯಾರ."

"ಡಬ್ಬಿಯೊಳಗೆ ಏನಿತ್ತು?"

"ವೋಟು."

ನಮ್ಮಲ್ಲಿ ಎಫ್‌ಐಆರ್ ಎನ್ನುವುದಕ್ಕೆ ಅಲ್ಲಿ ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಾರೆ. ಕಳುವಾದ ವಸ್ತು ಎಂಬಲ್ಲಿ ಹಾಲಿಸ್ 'ಅಡುಗೆ ಪಾತ್ರೆ, ಒಂದು' ಎಂದು ಬರೆದು ತಲೆಯೆತ್ತಿದ.

"ಚುನಾವಣೆ, ಒಂದು ಅಂತಲೂ ಸೇರಿಸು," ಎಂದಳು ವೇದಾ.

10.30ಕ್ಕೆ ಇಬ್ಬರೂ ಸ್ಥಳಕ್ಕೆ ಹೋದರು. ಅದು ವೈಶಾಲಿ ಎಂಬವಳ ಮನೆ. ಬಾಗಿಲಲ್ಲೇ ನಿಂತಿದ್ದ ದ್ಯಾಮವ್ವ ಅವಳ ತಾಯಿ. ಒಳಗೆ ಕಂಬಳಿ ಹೊದ್ದು ಕೂತಿದ್ದ ತಂದೆ ನೀಲಕಂಠಪ್ಪ ಧಾರವಾಡದಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮೂವತ್ತು ವರ್ಷ ಅವರು ಒಂದೇ ವಿಷಯದ ಹಿಂದೆ ಬಿದ್ದಿದ್ದರು: ಇಂಗ್ಲೆಂಡಿನ ವೆಲ್ಡನ್‌ಶೈರ್ ಎಂಬ ಕೌಂಟಿ ಕ್ಷೇತ್ರದ ಚುನಾವಣೆಗಳು. ಆ ಕ್ಷೇತ್ರ 1885ರಲ್ಲೇ ರದ್ದಾಗಿತ್ತು. ನೀಲಕಂಠಪ್ಪನವರ ತಲೆಯಲ್ಲಿ ಮಾತ್ರ ಪ್ರಚಾರ ಇನ್ನೂ ನಿಂತಿರಲಿಲ್ಲ.

"ಡಬ್ಬಿಯಲ್ಲಿ ವೋಟು ಯಾಕೆ ಬಂತು ಸರ್?"

"ನಮ್ಮ ಕನ್ನಡ ಕೂಟದ ಎಲೆಕ್ಷನ್. ನಾನ ರಿಟರ್ನಿಂಗ್ ಆಫೀಸರ್. ಪೆಟ್ಟಿಗಿ ಇರಲಿಲ್ಲ. ಈಕಿ ಡಬ್ಬಿ ಮುಚ್ಚಳಕ್ಕ ಒಂದು ಸೀಳು ಹಾಕ್ಸಿದೆ."

"ನನಗ ಕೇಳದ ಹಾಕ್ಸಿದ್ರು," ಎಂದಳು ದ್ಯಾಮವ್ವ. "ವೋಟು ಹಾಳಾಗಿ ಹೋಗ್ಲಿ ತಂಗಿ, ನನ್ನ ಡಬ್ಬಿ ಹುಡುಕಿ ಕೊಡು."

ಕೂಟಕ್ಕೆ ಇಬ್ಬರು ಟ್ರಸ್ಟಿಗಳು. ಒಬ್ಬರು ಮೈಸೂರು ಕಡೆಯವರು, ಒಬ್ಬರು ಧಾರವಾಡ ಕಡೆಯವರು. ಹೀಗೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಶುರುವಿನಿಂದ ಹಾಗೇ ನಡೆದಿತ್ತು. ಯಾರೂ ಎದುರು ನಿಲ್ಲುತ್ತಿರಲಿಲ್ಲ, ಚುನಾವಣೆಯೇ ಬೇಕಾಗುತ್ತಿರಲಿಲ್ಲ. ವೆಲ್ಡನ್‌ಶೈರಿನಲ್ಲೂ ಎರಡು ಸೀಟು, ಎರಡು ಜಮೀನ್ದಾರಿ ಮನೆತನ, ಮನೆಗೊಂದು ಸೀಟು. ನಲವತ್ತಾರು ವರ್ಷ ಅಲ್ಲಿ ಮತದಾನವೇ ಆಗಲಿಲ್ಲ. ಅದಕ್ಕೆ ಅಲ್ಲಿಯವರು ಕೌಂಟಿಯ ಶಾಂತಿ ಎಂದು ಹೆಸರಿಟ್ಟಿದ್ದರು.

"ಈ ಸಲ ಮೂರನೆಯವರು ನಿಂತರು, ಅಷ್ಟೇ ತಾನೆ?"

"ಅಷ್ಟ ಅಂದ್ರ?" ನೀಲಕಂಠಪ್ಪ ಕಂಬಳಿ ಸರಿಸಿ ಎದ್ದೇ ಬಿಟ್ಟರು. "ಮೂರನೆಯವರು ನಿಂತ್ರ ಲೆಕ್ಕನ ಬ್ಯಾರೆ. ಒಬ್ಬೊಬ್ಬರಿಗೆ ಎರಡು ಮತ. ನೀ ಮೂರನೆಯಾಕಿನ ಗೆಲ್ಲಿಸ್ಬೇಕು ಅಂದ್ರ ಎರಡನೇ ಮತ ಯಾರಿಗೂ ಹಾಕಬಾರದು. ಹಾಕಿದ್ರ ಅದ ನಿನ್ನಾಕಿನ ಸೋಲಿಸ್ತದ. ಒಂದು ಹಾಕೋದು, ಒಂದು ಒಗಿಯೋದು. ವೆಲ್ಡನ್‌ಶೈರಿನಾಗ ಹಿಂಗ ಒಂಟಿ ಮತ ಹಾಕಿ ಎರಡೂ ಮನೆತನ ಅಲುಗಾಡಿಸಿಬಿಟ್ರು."

ಆ ಮೂರನೆಯವಳು ವಸಂತಲಕ್ಷ್ಮಿ. ಕ್ಯಾನ್ಯನ್ ಪಾರ್ಕಿನ ಆಫೀಸು ಕಟ್ಟಡವೊಂದರಲ್ಲಿ ಕೂಟಕ್ಕೆ ಭಾನುವಾರ ಸಿಗುವ ಕೋಣೆಯಲ್ಲಿ ಅವಳು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಟ್ರಸ್ಟಿ ಚಂದ್ರಶೇಖರ ಜನವರಿಯಿಂದ ಆ ಕೋಣೆಯನ್ನು ಗಣಿತದ ಕೋಚಿಂಗಿಗೆ ಕೊಡಲು ಹೊರಟಿದ್ದ. ಇನ್ನೊಬ್ಬ ಟ್ರಸ್ಟಿ ತನ್ಮಯ ಅವನು ಹೇಳಿದ್ದಕ್ಕೆ ತಲೆಯಾಡಿಸುವವನು. ವಸಂತಲಕ್ಷ್ಮಿ ಟ್ರಸ್ಟಿಯಾಗದಿದ್ದರೆ ಕನ್ನಡ ಕ್ಲಾಸು ಮುಚ್ಚುತ್ತಿತ್ತು.

ಹಳೆಯ ಕೌಂಟಿಯಂತೆಯೇ ಮತದಾನವನ್ನು ಬೇರೆ ಬೇರೆ ದಿನ ಬೇರೆ ಬೇರೆ ಕಡೆ ಇಟ್ಟಿದ್ದರು. ಹತ್ತನೇ ತಾರೀಕು ಕ್ಯಾನ್ಯನ್ ಪಾರ್ಕ್, ಹದಿನಾಲ್ಕರ ಸಂಜೆ ನ್ಯೂಕ್ಯಾಸಲ್, ಮಾರನೆಯ ದಿನ ಎಣಿಕೆ. ಅಷ್ಟರಲ್ಲಿ ಗಾಳಿ ಬೀಸಿತು. ಡಬ್ಬಿ ವೈಶಾಲಿಯ ಗ್ಯಾರೇಜಿನಲ್ಲಿ ಉಳಿಯಿತು.

ಪಂಚನಾಮೆಗೆ ಅಲ್ಲಿ ಪಂಚರನ್ನು ಕರೆಯುವುದಿಲ್ಲ. ಹಾಲಿಸ್ ಫೋಟೋ ತೆಗೆದ. ಗ್ಯಾರೇಜಿನ ಹೊರಬಾಗಿಲು ಮೋಟಾರಿನದು. ಕರೆಂಟಿಲ್ಲದೆ ಅದು ಕೆಳಗೆ ಕೂತಲ್ಲೇ ಕೂತಿತ್ತು. ಬೀಗ ಒಡೆದಿರಲಿಲ್ಲ, ಕಿಟಕಿ ಇರಲಿಲ್ಲ. ಅಡುಗೆಮನೆಯ ಕಡೆಯಿಂದ ಮಾತ್ರ ದಾರಿ.

"ಹೊರಗಿನವರಲ್ಲ," ಎಂದ ಹಾಲಿಸ್.

"ರಾತ್ರಿ ಮನೆಯಲ್ಲಿ ಯಾರ್ಯಾರಿದ್ರು?" ವೇದಾ ಕೇಳಿದಳು.

ಅಕ್ಕಪಕ್ಕದಲ್ಲಿ ಗ್ಯಾಸಿನ ಒಲೆ ಇದ್ದದ್ದು ವೈಶಾಲಿಯ ಮನೆಯಲ್ಲಿ ಮಾತ್ರ. ಮಿಕ್ಕವರದ್ದೆಲ್ಲ ಕರೆಂಟಿನ ಒಲೆ. ಶುಕ್ರವಾರ ಸಂಜೆ ಜನ ಕಂಬಳಿ, ದಿಂಬು, ಅರ್ಧ ಬೆಂದ ಸಾರಿನ ಪಾತ್ರೆ ಹೊತ್ತುಕೊಂಡು ಅಲ್ಲಿಗೆ ಬಂದಿದ್ದರು. ಒಂದು ಕಡೆ ಚಂದ್ರಶೇಖರ, ಅವನ ಹೆಂಡತಿ ನವ್ಯಾ, ಮಗಳು ಅನುಷಾ, ತಾಯಿ ವೆಂಕಟಮ್ಮ. ಇನ್ನೊಂದು ಕಡೆ ವಸಂತಲಕ್ಷ್ಮಿ ಮತ್ತು ಅವಳ ಗಂಡ ನಾಗರಾಜ. ಎದುರಾಳಿಗಳು ಒಂದೇ ಒಲೆಯ ಮುಂದೆ ಕೂತು ಬಿಸಿಬೇಳೆಬಾತ್ ತಿಂದಿದ್ದರು.

"ಜಗಳ ಆಯ್ತಾ?"

"ಇಲ್ಲವಾ. ಇವರು ಗಿರಣಿಯವನ ಕತಿ ಹೇಳಿದ್ರು. ಎಲ್ಲಾರೂ ಆಕಳಿಸಿದ್ರು," ಎಂದಳು ದ್ಯಾಮವ್ವ.

"ಯಾವ ಕತೆ?"

ನೀಲಕಂಠಪ್ಪನವರಿಗೆ ಎರಡನೆಯ ಸಲ ಕೇಳಬೇಕಾಗಿರಲಿಲ್ಲ. ಆಗ ಗುಪ್ತ ಮತದಾನವಿಲ್ಲ. ಮತದಾರ ಕಟ್ಟೆ ಹತ್ತಿ ತನ್ನ ಅಭ್ಯರ್ಥಿಯ ಹೆಸರು ಹೇಳಬೇಕು. ಒಬ್ಬ ಗಿರಣಿಯವ, ಜಮೀನ್ದಾರ ಕುದುರೆಯ ಮೇಲೆ ಕೂತು ತನ್ನನ್ನೇ ನೋಡುತ್ತಿದ್ದಾಗ, ಮೂರನೆಯವನ ಹೆಸರು ಕೂಗಿ ಹೇಳಿದ.

"ಮುಂದೆ ಏನಾಯ್ತು?"

"ಗಿರಣಿ ಹೋತು. ಆದ್ರ ಯಾರು ಯಾರಿಗೆ ಹಾಕಿದ್ರು ಅಂತ ಪುಸ್ತಕ ಅಚ್ಚು ಹಾಕ್ತಿದ್ರಲ್ಲ, ಅದರಾಗ ಅವನ ಹೆಸರು ಇವತ್ತಿಗೂ ಅದ. ನಮ್ಮ ಕೂಟದ್ದೂ ಹಂಗ ಒಂದು ಪುಸ್ತಕ ತರಬೇಕಂತ ಮಾಡೀನಿ. ಚೀಟಿಗೆ ನಂಬರ್ ಹಾಕೀನಿ, ಯಾವ ನಂಬರ್ ಯಾರದು ಅಂತ ನನಗ ಗೊತ್ತದ. ನಿನ್ನೆ ವೆಂಕಟಮ್ಮನವರು ಕೇಳಿದ್ರು, ಹೆಂಗಸರ ಹೆಸರೂ ಬರ್ತದೇನು ಅಂತ. ಎಲ್ಲಾರದೂ ಬರ್ತದ್ರಿ ಅಂದೆ."

ಹಾಲಿಸ್ ಎಲ್ಲವನ್ನೂ ಅನುವಾದ ಮಾಡಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: ಎಣಿಕೆ ನಡೆಯದಿದ್ದರೆ ಲಾಭ ಯಾರಿಗೆ?

ಮಧ್ಯಾಹ್ನ ವೇದಾ ವಸಂತಲಕ್ಷ್ಮಿಯನ್ನು ವಿಚಾರಿಸಿದಳು.

"ಎಣಿಕೆ ಆಗದಿದ್ರೆ?"

"ಹಳಬರೇ ಮುಂದುವರೀತಾರೆ. ಜನವರಿಗೆ ನಮ್ಮ ಕ್ಲಾಸ್ ಕ್ಲೋಸ್."

"ನೀವು ಸೋಲ್ತೀರಿ ಅನ್ನಿಸಿ ಡಬ್ಬಿ ಎತ್ತಿರಬಹುದಲ್ಲ?"

"ಸೋತ್ರೂ ಮನೇಲಿ ಕೂತು ಕಲಿಸ್ತೀನಿ. ಮಕ್ಕಳೆದುರು ಕಳ್ಳಿ ಅನ್ನಿಸ್ಕೊಂಡು ಏನ್ ಕಲಿಸ್ಲಿ?"

ಮಾರನೆಯ ದಿನ ಠಾಣೆಗೆ ಬಂದ ಚಂದ್ರಶೇಖರ ಕೂರುವ ಮೊದಲೇ ಶುರು ಮಾಡಿದ.

"ಎಲ್ರೂ ನನ್ನನ್ನೇ ನೋಡ್ತಿದಾರೆ."

"ನೋಡೋ ಹಾಗೇ ಇದೆ. ಕ್ಲಾಸ್ ಯಾಕೆ ಮುಚ್ಚಿಸ್ತಿದೀರಿ?"

"ಮ್ಯಾಥ್ ಬೇಕು ಅಂತ ಪೇರೆಂಟ್ಸೇ ಕೇಳ್ತಿದಾರೆ ಮೇಡಂ. ಕನ್ನಡಕ್ಕೆ ಬರೋರು ಒಂದು ವ್ಯಾನ್ ತುಂಬಲ್ಲ."

"ನಿಮ್ಮ ಮಗಳು?"

"ಅವಳೂ ಹೋಗ್ತಾಳೆ. ನಮ್ಮಮ್ಮನ ಹಟ." ಅವನು ಕಾರಿನ ಕೀ ಮೇಜಿನ ಮೇಲಿಟ್ಟ. "ಕಾರು, ಗ್ಯಾರೇಜು, ಮನೆ, ಎಲ್ಲಾ ಸರ್ಚ್ ಮಾಡಿ. ನಾನೇನೂ ಬೇಡ ಅನ್ನಲ್ಲ."

ಹಾಲಿಸ್ ಹೋಗಿ ಹುಡುಕಿದ. ಕಾರಿನಲ್ಲಿ ಇಲ್ಲ, ಗ್ಯಾರೇಜಿನಲ್ಲಿ ಇಲ್ಲ, ಮಂಚದ ಕೆಳಗೆ ಇಲ್ಲ. ಸಂಜೆ ಬರಿಗೈಯಲ್ಲಿ ಬಂದು, ಆ ಮನೆಯ ಅಜ್ಜಿ ತನಗೆ ಒಳ್ಳೆಯ ಕಾಫಿ ಕೊಟ್ಟಳೆಂದು ಮಾತ್ರ ವರದಿ ಮಾಡಿದ.

ಸೋಮವಾರ ಇಡೀ ಕೂಟದಲ್ಲಿ ಫೋನೋ ಫೋನು. ಚಂದ್ರಶೇಖರನೇ ಎಂದು ಅರ್ಧ ಜನ, ವಸಂತಲಕ್ಷ್ಮಿಯೇ ಎಂದು ಅರ್ಧ ಜನ. ದ್ಯಾಮವ್ವ ಮಾತ್ರ ಸಿಕ್ಕಸಿಕ್ಕ ಹೆಂಗಸರಿಗೆಲ್ಲ ಕಾಲ್ ಮಾಡಿ, ಆ ಡಬ್ಬಿಯನ್ನು ತನ್ನ ತಾಯಿ ಹೇಗೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳೆಂದು ಹೇಳಿ ಅತ್ತಳು.

ಮಂಗಳವಾರ ಬೆಳಿಗ್ಗೆ ವೈಶಾಲಿ ಬಾಗಿಲು ತೆಗೆದರೆ ಡಬ್ಬಿ ಹೊಸ್ತಿಲ ಹೊರಗೆ ಕೂತಿತ್ತು.

ವೇದಾ ಮತ್ತು ಹಾಲಿಸ್ ಹಾರಿಕೊಂಡು ಬಂದರು. ಬೆರಳಚ್ಚು ಸಿಗುವ ಆಸೆ ಹಾಲಿಸ್‌ಗೆ. ಆದರೆ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮುಚ್ಚಳ ತೆಗೆದರೆ ಮತಚೀಟಿ ಒಂದೂ ಇಲ್ಲ. ತಳದಲ್ಲಿ ಕಂದು ಬಣ್ಣದ ನಾಲ್ಕು ಅಚ್ಚು ಇದ್ದವು.

"ಸೋಪಾ?" ಹಾಲಿಸ್ ಕೈಗವಸು ಹಾಕಿಕೊಂಡ.

ವೇದಾ ಮೂಸಿ ನೋಡಿದಳು. "ಬೆಲ್ಲ."

"ಕಳ್ಳ ಬೆಲ್ಲ ಯಾಕಿಟ್ಟ?"

"ಕಳ್ಳ ಅಲ್ಲ, ಕಳ್ಳಿ. ನಮ್ಮಲ್ಲಿ ಇನ್ನೊಬ್ಬರ ಮನೆ ಪಾತ್ರೆ ವಾಪಸ್ ಕೊಡುವಾಗ ಖಾಲಿ ಕೊಡಲ್ಲ. ಒಂದು ಹಿಡಿ ಸಕ್ಕರೆನಾದ್ರೂ ಹಾಕಿ ಕೊಡ್ತಾರೆ. ಕದ್ದ ಪಾತ್ರೆ ಆದ್ರೂ ಇವಳ ಕೈ ಅದನ್ನ ಬಿಟ್ಟಿಲ್ಲ."

ಹಾಲಿಸ್ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥ ಸಾಕ್ಷ್ಯ ಕಂಡಿರಲಿಲ್ಲ. ಡಬ್ಬಿಯನ್ನು ಅಪ್ಪಿ ಹಿಡಿದಿದ್ದ ದ್ಯಾಮವ್ವ ಒಂದು ಅಚ್ಚನ್ನು ತಿರುಗಿಸಿ ನೋಡಿದಳು.

"ಇದು ನಮ್ಮ ಕಡೀದಲ್ಲ ತಂಗಿ. ನಮ್ಮದು ಪೆಂಟಿ ಬೆಲ್ಲ, ದೊಡ್ಡ ಮುದ್ದಿ. ಇಲ್ಲಿ ಅಂಗಡಿಯಾಗೂ ಅದ ಸಿಗೋದು."

"ಇದು ಅಚ್ಚು ಬೆಲ್ಲ. ಮಂಡ್ಯ ಕಡೇದು," ಎಂದಳು ವೇದಾ.

ಬೆಲ್‌ವ್ಯೂನಲ್ಲಿದ್ದ ಎರಡು ಇಂಡಿಯನ್ ಅಂಗಡಿಗಳಿಗೂ ಹೋಗಿ ಕೇಳಿದರು. ಅಚ್ಚು ಬೆಲ್ಲ ತರಿಸುವುದೇ ಇಲ್ಲ ಎಂದರು ಇಬ್ಬರೂ. ಅಂದರೆ ಅದು ಸೂಟ್‌ಕೇಸಿನಲ್ಲಿ ಬಂದದ್ದು. ಶುಕ್ರವಾರ ಆ ಮನೆಯಲ್ಲಿ ಮಲಗಿದ್ದವರಲ್ಲಿ ಇತ್ತೀಚೆಗೆ ಊರಿಗೆ ಹೋಗಿ ಬಂದವರು ಒಬ್ಬರೇ. ವೆಂಕಟಮ್ಮ, ಅಕ್ಟೋಬರಿನಲ್ಲಿ, ಮದ್ದೂರಿನಿಂದ.

ವೇದಾ ಕಾರಿನಲ್ಲಿ ಹಾಲಿಸ್‌ನನ್ನು ಕೇಳಿದಳು. "ಚಂದ್ರಶೇಖರನ ಅಡುಗೆಮನೆಯಲ್ಲಿ ಏನೇನಿತ್ತು?"

"ಡಬ್ಬಿಗಳು. ಸ್ಟೀಲ್. ಗೋಡೆ ತುಂಬಾ."

"ಒಂದೊಂದಾಗಿ ತೆಗೆದು ನೋಡಿದ್ಯಾ?"

"ಅವು ಡಬ್ಬಿಗಳಲ್ಲವಾ," ಎಂದವನು ಅಲ್ಲೇ ನಿಲ್ಲಿಸಿ ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡ.

ಡಿಸೆಂಬರ್ 20, ಬುಧವಾರ, ಸಂಜೆ 5.15. ಬಾಗಿಲು ತೆಗೆದವನು ಚಂದ್ರಶೇಖರ. ವೇದಾ ಬೆಲ್ಲದ ಅಚ್ಚನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು.

"ಇದು ನಿಮ್ಮನೇದಾ?"

ಅವನು ಅದನ್ನು ನೋಡಿದ. ಅಡುಗೆಮನೆಯ ಕಡೆ ನೋಡಿದ.

"ನಾನೇ ತಗೊಂಡಿದ್ದು ಮೇಡಂ. ಸೋಲ್ತೀನಿ ಅನ್ನಿಸ್ತು."

"ಡಬ್ಬಿ ಎಲ್ಲಿಟ್ಟಿದ್ರಿ?"

"ಗ್ಯಾರೇಜಲ್ಲಿ."

"ಗ್ಯಾರೇಜ್ ಇವರು ನೋಡಿದಾರೆ. ಇರಲಿಲ್ಲ."

"ಅವನಿಗೆ ಸುಳ್ಳು ಹೇಳಕ್ಕೆ ಬರಾಕಿಲ್ಲ ಕಣವ್ವ," ಎಂಬ ದನಿ ಅಡುಗೆಮನೆಯಿಂದ ಬಂತು. ವೆಂಕಟಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ನಾನೇ ತಂದಿದ್ದು. ನಮ್ಮ ಸಾರಿನ ಪಾತ್ರೆ ಜೊತೇಲಿ ಕಂಬಳಿ ಸುತ್ತಿ ತಂದೆ. ಯಾರೂ ಕೇಳ್ನಿಲ್ಲ."

"ಅಜ್ಜಿ, ಒಂದು ನಿಮಿಷ. ಕಾನೂನು ಪ್ರಕಾರ ಮೊದಲು ನಾನು ಹೇಳ್ಬೇಕು. ನೀವು ಸುಮ್ನೆ ಇರಬಹುದು. ಏನಾದ್ರೂ ಹೇಳಿದ್ರೆ ಅದನ್ನ ಕೋರ್ಟಲ್ಲಿ ನಿಮ್ಮ ವಿರುದ್ಧ ಬಳಸಬಹುದು."

"ಸುಮ್ಕಿದ್ದೇ ಇಷ್ಟೆಲ್ಲಾ ಆಗಿದ್ದು," ಎಂದಳು ವೆಂಕಟಮ್ಮ.

ಲಾಯರ್ ಬೇಕೇ ಎಂದು ವೇದಾ ಕೇಳಿದಳು. ಬೇಡವೆಂದಳು. ದೇವರ ಗೂಡಿನ ಕೆಳಗಿನಿಂದ ಬಟ್ಟೆಯ ಗಂಟು ತಂದಳು. ಕೂಟದ ಮತಚೀಟಿಗಳೆಲ್ಲ ಅದರಲ್ಲಿ ಮಡಿಕೆ ಕೆಡದೆ ಇದ್ದವು.

"ಬೇರೆಯವರ ಓಟು ಹರಿಯಕ್ಕೆ ನಾನ್ಯಾರು? ನಂದೊಂದು ತಕಂಡು ಮಿಕ್ಕಿದ್ದು ಮಡಗ್ಬುಡಾನ ಅಂತಿದ್ದೆ. ಅಷ್ಟರಲ್ಲಿ ಪೋಲೀಸಪ್ಪ ಬಂದ."

"ಡಬ್ಬಿ ಯಾಕೆ ವಾಪಸ್ ಕೊಟ್ರಿ?"

"ಆವಮ್ಮ ಅಷ್ಟು ಅಳ್ತಿದ್ಲು. ತವರುಮನೆ ಡಬ್ಬಿ ಕಣವ್ವ ಅದು. ಚೀಟಿನೂ ಹಾಕಿದ್ರೆ ನಂಬರ್ ನೋಡಿ ನಂದೊಂದೇ ಇಲ್ಲ ಅಂತ ಮೇಷ್ಟ್ರು ಹಿಡಿದ್ಬುಡೋರು, ಅದು ಆಮೇಲೆ ಹೊಳೀತು."

"ನಿಮ್ಮ ಚೀಟಿ?"

ವೆಂಕಟಮ್ಮ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಮಡಿಸಿದ ಕಾಗದ ತೆಗೆದಳು. ಮೂಲೆಯಲ್ಲಿ ಸುಣ್ಣದ ಬೆರಳಿನ ಗುರುತು. ಮೂರು ಹೆಸರು, ಒಂದೇ ಗೆರೆ. ಚಂದ್ರಶೇಖರ ಕೈ ಚಾಚಿದ. ಅವಳು ಕೊಡಲಿಲ್ಲ.

"ನೋಡದೇನು ಬೇಡ, ಹೇಳ್ತೀನಿ ಕೇಳು. ಮೇಷ್ಟ್ರು ಪುಸ್ತಕದಲ್ಲಿ ಹಾಕ್ತೀನಿ ಅಂದಾಗ ಎದೆ ಒಡೆದೋಯ್ತು. ಮಗನಿಗೇ ಓಟು ಹಾಕ್ನಿಲ್ಲ ಅಂತ ಊರೋರೆಲ್ಲ ಓದಾದು, ನೀನೂ ಓದಾದು. ಅದಕ್ಕೇ ಕದ್ದೆ. ಈಗ ಕದ್ದಿದ್ದೂ ಆಯ್ತು, ಸಿಕ್ಕಿದ್ದೂ ಆಯ್ತು. ನಂದು ಒಂದೇ ಓಟು. ವಸಂತಲಕ್ಷ್ಮಿಗೆ."

ನವ್ಯಾ ಸೋಫಾದ ಮೇಲೆ ಕೂತುಬಿಟ್ಟಳು. ಚಂದ್ರಶೇಖರ ಒಳಗೆ ಹೋಗಿ ತಾಯಿಯ ಕೋಟು, ಕಾಲುಚೀಲ, ಶೂ ತಂದು, ನೆಲದ ಮೇಲೆ ಕೂತು ಅವಳ ಕಾಲಿಗೆ ತೊಡಿಸಿದ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡು, ಕೋರ್ಟಿಗೆ ಬರುವ ತಾರೀಕಿನ ಚೀಟಿ ಕೊಟ್ಟು ಆ ರಾತ್ರಿಯೇ ಮನೆಗೆ ಕಳಿಸಿದರು. ದೂರು ವಾಪಸ್ ತಗೊಳ್ಳುತ್ತೇನೆಂದು ದ್ಯಾಮವ್ವ ಆಗಲೇ ಎರಡು ಸಲ ಫೋನ್ ಮಾಡಿದ್ದಳು. ನೀಲಕಂಠಪ್ಪನವರೂ ಮಾತಾಡಿದರು. ಡಬ್ಬಿಯಿಂದ ಹೊರಬಿದ್ದ ಮತ ಎಣಿಸುವಂತಿಲ್ಲ, ಚುನಾವಣೆ ರದ್ದು, ವೆಲ್ಡನ್‌ಶೈರಿನಲ್ಲೂ ಒಮ್ಮೆ ಹೀಗಾಗಿತ್ತು, ಜನವರಿಯಲ್ಲಿ ಮರುಮತದಾನ ಎಂದರು.

"ಪುಸ್ತಕ ನಿಜವಾಗ್ಲೂ ಅಚ್ಚು ಹಾಕಿಸ್ತಿದ್ರಾ ಸರ್?"

"ಹಾಕ್ಸತಿದ್ದೆ ತಂಗಿ." ಆಚೆ ಕಾಗದ ಸರಿಸುವ ಸದ್ದಾಯಿತು. "ಗಿರಣಿ ಹೋದಮ್ಯಾಲ ಅವನ ಮನಿಯವರು ಏನಾದ್ರು ಅಂತ ನಾ ಎಂದೂ ಹುಡುಕಲಿಲ್ಲ. ಈ ಸಲ ನಂಬರ್ ಇಲ್ಲದ ಚೀಟಿ ಮಾಡಸ್ತೀನಿ."

ಪಾರ್ಕಿಂಗಿನಲ್ಲಿ ಚಂದ್ರಶೇಖರ ತಾಯಿಯನ್ನು ಕಾರಿನಲ್ಲಿ ಕೂರಿಸುತ್ತಿದ್ದ. ಬಾಗಿಲವರೆಗೆ ಬಿಡಲು ಬಂದಿದ್ದ ವೇದಾಳಿಗೆ ಮಾತು ಕೇಳಿಸಿತು.

"ಜನವರೀಲಿ ಮತ್ತೆ ಓಟಂತೆ ಅವ್ವ."

"ಮಾಡಿಸ್ಲಿ."

"ಅವಾಗ ಯಾರಿಗೆ?"

"ಬೆಲ್ಟ್ ಹಾಕು ಮೊದ್ಲು. ಇನ್ನೊಂದು ಕಿತ ಜೋರಾಗಿ ಹೇಳ್ಬೇಕಾ?"

ಚಂದ್ರಶೇಖರ ನಕ್ಕನೋ ಇಲ್ಲವೋ, ಕತ್ತಲಲ್ಲಿ ಕಾಣಿಸಲಿಲ್ಲ. ಬಾಗಿ ಅವಳ ಬೆಲ್ಟು ಹಾಕಿದ.

ವೇದಾ ಒಳಗೆ ಬಂದು ವರದಿ ಮುಗಿಸಲು ಕೂತಳು. ಕೃತ್ಯದ ಕಾರಣ ಎಂಬಲ್ಲಿ ಏನು ಬರೆಯುವುದೆಂದು ಹಾಲಿಸ್ ಕೇಳಿದ. ವೆಂಕಟಮ್ಮ ಹೇಳಿಕೆಯ ಕೊನೆಗೆ ಆಡಿದ ಮಾತನ್ನೇ ವೇದಾ ಇಂಗ್ಲಿಷಿಗೆ ತಿರುಗಿಸಿ ಬರೆಸಿದಳು. ಮೊಮ್ಮಗಳು ಅನುಷಾ ಮಾತು ಕಲಿತಾಗಿನಿಂದ ಅಜ್ಜಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು, ಅಜ್ಜಿ ಅರ್ಥವಾದವಳಂತೆ ತಲೆಯಾಡಿಸುತ್ತಿದ್ದಳು. ವಸಂತಲಕ್ಷ್ಮಿಯ ಕ್ಲಾಸಿಗೆ ಹೋಗತೊಡಗಿದ ಮೇಲೆ, ದೀಪಾವಳಿಯ ದಿನ, ಹುಡುಗಿ ತಾನಾಗಿಯೇ ಪಕ್ಕದಲ್ಲಿ ಬಂದು ಕೂತು, "ಅಜ್ಜಿ, ನೀನು ಚಿಕ್ಕೋಳಿದ್ದಾಗ ಏನ್ ಮಾಡ್ತಿದ್ದೆ?" ಎಂದು ಕನ್ನಡದಲ್ಲಿ ಕೇಳಿದ್ದಳು.