ತೊರೆ ತಿಳಿಯಾದ ವಾರ

ಮಂಗಳವಾರ ಬೆಳಿಗ್ಗೆ ತೊರೆಯಲ್ಲಿ ತೇಲಿಬಂದ ಸೌದೆ ಆರಿಸಲು ಹೋದವರಿಗೆ ಮೇಸ್ತ್ರಿ ರಾಸ್ಕೋ ಸ್ಟ್ರೌಡ್ ಸಿಕ್ಕ. ಬಿದ್ದ ಮರವೊಂದರ ಕೊಂಬೆಗೆ ಸಿಕ್ಕಿಕೊಂಡು, ಮುಖ ಕೆಳಗಾಗಿ ತೇಲುತ್ತಿದ್ದ. ತಲೆಯ ಹಿಂಭಾಗ ಒಡೆದಿತ್ತು.

ಷೆರಿಫನ ಕೈಕೆಳಗಿನ ಡೆಪ್ಯುಟಿ ಫರ್ಮನ್ ಟ್ಯಾಲಂಟ್ ಬರುವಷ್ಟರಲ್ಲಿ ಗಿರಣಿಯ ಕೇರಿಯ ಅರ್ಧ ಜನ ದಡದಲ್ಲಿದ್ದರು. ಒಬ್ಬರ ಕಣ್ಣಲ್ಲೂ ನೀರಿಲ್ಲ. ಲಾರೆಲ್ ಶೋಲ್ಸ್ ಬಟ್ಟೆ ಗಿರಣಿಯಲ್ಲಿ ನೂಲುವ ವಿಭಾಗದ ಮೇಸ್ತ್ರಿ ಸತ್ತರೆ ಅಳುವವರು ಯಾರು? ಕೆಲಸದ ಮಕ್ಕಳು ನಿಂತಲ್ಲೇ ತೂಕಡಿಸಿದರೆ ಮುಖಕ್ಕೆ ತಣ್ಣೀರು ಎರಚುತ್ತಿದ್ದ ಮಹಾನುಭಾವ ಅವನು.

ಹೆಣವನ್ನು ಎಳೆದು ಹುಲ್ಲಿನ ಮೇಲೆ ಮಲಗಿಸಿದರು. ಕಂದು ಷರಾಯಿ. ಬಿಳಿ ಅಂಗಿ ಕೊರಳಿನಿಂದ ತೋಳಿನವರೆಗೆ ನೀಲಿ ಹಿಡಿದಿತ್ತು. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಗಿರಣಿಯಲ್ಲಿ ನೂಲಿಗೆ ನೀಲಿ ಹಾಕುವ ಬಣ್ಣದ ಮನೆಯ ನೀರೆಲ್ಲ ಆ ತೊರೆಗೇ ಬರುವುದು. ಅದರಲ್ಲಿ ಬಿದ್ದ ಬಾತುಕೋಳಿಯೂ ನೀಲಿ, ಈಜಿದ ಮಕ್ಕಳೂ ನೀಲಿ. ಫರ್ಮನ್ ಹುಟ್ಟಿ ಬೆಳೆದದ್ದೂ ಅದೇ ಕೇರಿಯಲ್ಲಿ. ಅವನೂ ಒಮ್ಮೆ ನೋಡಿ ಸುಮ್ಮನಾದ.

"ಯಾವಾಗ ಸತ್ತಿರಬಹುದು ಡಾಕ್ಟ್ರೇ?" ಎಂದು ಫರ್ಮನ್ ಕೇಳಿದ.

"ಮಾರ್ಚ್ ತಿಂಗಳ ನೀರು. ಮಂಜುಗಡ್ಡೆಯಲ್ಲಿ ಇಟ್ಟ ಹಾಗೆ ಇಟ್ಟಿದೆ," ಎಂದರು ಡಾಕ್ಟರು. "ನಿನ್ನೆ ಅಂದ್ರೂ ಸರಿ, ಹೋದ ವಾರ ಅಂದ್ರೂ ಸರಿ. ನನ್ನನ್ನ ಕೇಳ್ಬೇಡ."

*

ಶುಕ್ರವಾರ ಮಧ್ಯಾಹ್ನ ಕೂಲಿಗಳೆಲ್ಲ ಮಗ್ಗ ಬಿಟ್ಟು ಹೊರಗೆ ನಡೆದಿದ್ದರು. ಅಂದಿನಿಂದ ಗಿರಣಿಯ ಚಕ್ರ ತಿರುಗಿಲ್ಲ. ಮುಷ್ಕರದ ಮುಂದಾಳು ಆಸಾ ಪ್ರೂಯಿಟ್, ಮಗ್ಗ ರಿಪೇರಿಯವನು. ಅವನೇ ಅಂದು ಗಿರಣಿ ಬಾಗಿಲಲ್ಲಿ ರಾಸ್ಕೋನ ಕೊರಳಪಟ್ಟಿ ಹಿಡಿದು, "ಇನ್ನೊಂದು ಮಗುವಿನ ಮೈ ಮುಟ್ಟಿದ್ರೆ ನಿನ್ನನ್ನ ತೊರೆಗೆ ಎಸೀತೀನಿ" ಎಂದು ಕೂಗಿದ್ದ. ಇಡೀ ಕೇರಿ ಕೇಳಿಸಿಕೊಂಡಿತ್ತು. ಗಿರಣಿಯ ಸುಪರಿಂಟೆಂಡೆಂಟ್ ಕಿಲ್ಗೋರ್ ಕೂಡ.

ಕಿಲ್ಗೋರನ ಮಾತು ಇಷ್ಟು. ಶುಕ್ರವಾರ ಸಂಜೆ ರಾಸ್ಕೋನನ್ನು ಬೆಟ್ಟದ ಊರುಗಳಿಗೆ ಕಳಿಸಿದ್ದ, ಮುಷ್ಕರ ಮುರಿಯಲು ಹೊಸ ಆಳು ತರುವುದಕ್ಕೆ. ಸೋಮವಾರ ಬರಬೇಕಿತ್ತು. ಹಾಗಾಗಿ ನಡುವೆ ಯಾರೂ ಅವನನ್ನು ಹುಡುಕಿರಲಿಲ್ಲ.

ಮಿಕ್ಕದ್ದನ್ನು ಹೇಳಿದವಳು ವರ್ಡಿ ಸ್ಟ್ರೌಡ್. ರಾಸ್ಕೋನ ಸತ್ತುಹೋದ ಅಣ್ಣನ ಹೆಂಡತಿ, ನೇಯ್ಗೆಯವಳು. ಮೈದುನ ಅವಳ ಮನೆಯ ಮುಂದಿನ ಕೋಣೆಯಲ್ಲೇ ಇದ್ದ. ಷೆರಿಫ್ ಬಾರ್ಕ್ಸ್‌ಡೇಲ್ ಮುಂದೆ ಬೈಬಲ್ ಮೇಲೆ ಕೈಯಿಟ್ಟು ಹೇಳಿದಳು: "ಭಾನುವಾರ ಸಂಜೆ ಬೆಟ್ಟದಿಂದ ಬಂದ. ರೊಟ್ಟಿ, ಬೀನ್ಸು ತಿಂದ. ಯಾರನ್ನೋ ನೋಡ್ಬೇಕು ಅಂತ ಹೊರಗೆ ಹೋದ. ಆಮೇಲೆ ನಾನು ಕಂಡಿಲ್ಲ."

"ಯಾರನ್ನ ಅಂತ ಹೇಳಲಿಲ್ವಾ?"

"ಇಲ್ಲ."

ಷೆರಿಫನಿಗೆ ಅಷ್ಟೇ ಬೇಕಿತ್ತು. ಆಸಾನನ್ನು ಕರೆಸಿದ.

"ಭಾನುವಾರ ಸಂಜೆ ಎಲ್ಲಿದ್ದೆಯೋ?"

"ಹೇಳಲ್ಲ."

"ಹೇಳಲ್ಲ ಅಂದ್ರೆ?"

"ಹೇಳಿದ್ರೆ ಇನ್ನೊಬ್ಬನ ಮನೆಗೆ ನಿಮ್ಮ ಕುದುರೆ ಹೋಗುತ್ತೆ. ಹೇಳಲ್ಲ."

ಕೂಲಿಗಳ ಸಂಘದ ಯಾರನ್ನೋ ಆಸಾ ಕಾಪಾಡುತ್ತಿದ್ದಾನೆ ಎಂದು ಫರ್ಮನ್‌ಗೆ ಅರ್ಥವಾಯಿತು. ಷೆರಿಫನಿಗೆ ಅರ್ಥ ಮಾಡಿಕೊಳ್ಳುವ ಮನಸ್ಸಿರಲಿಲ್ಲ. ಆಸಾನ ಕೈಗೆ ಕೋಳ ಹಾಕಿದವನು ಫರ್ಮನ್‌ನೇ. ಕೆಲಸವಲ್ಲವೇ! ಹೊಟ್ಟೆಪಾಡಿನ ಕೆಲಸ ಎಂಥೆಂಥದ್ದನ್ನು ಮಾಡಿಸುತ್ತದೆ, ಥೂ.

ಕಿಲ್ಗೋರ್ ಮೀಸೆ ಒರೆಸಿಕೊಂಡ. "ಇವನಿಗೆ ಕುಣಿಕೆ ಬಿಗಿದ್ರೆ ಮುಷ್ಕರದ ಕತ್ತೂ ಮುರೀತು, ಡೆಪ್ಯುಟಿ. ಒಂದೇ ಹಗ್ಗದ ಖರ್ಚು."

*

ಮರುದಿನ ಫರ್ಮನ್ ಆಸಾನ ಮನೆಗೆ ಹೋದ. ಗಿರಣಿಯ ಮನೆಗಳೆಲ್ಲ ಒಂದೇ ಅಚ್ಚು. ಮೂರು ಕೋಣೆ, ಕಂಬದ ಮೇಲೆ ನಿಂತ ಹಲಗೆಯ ನೆಲ, ಕೆಳಗಿಂದ ನುಗ್ಗುವ ಗಾಳಿ. ಆಸಾನ ಹೆಂಡತಿ ಆರ್ಫಾ ಮನೆಯ ಹಿಂದೆ ತೊರೆಯ ದಡದಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದಳು. ಅವನನ್ನು ಕಂಡು ಬಾಯಲ್ಲಿಟ್ಟಿದ್ದ ನಶ್ಯದ ಉಗುಳು ಉಗುಳಿದಳು. ಪಕ್ಕಕ್ಕೇ ಉಗುಳಿದಳು, ಅಷ್ಟು ಪುಣ್ಯ.

"ಬಂದ್ಯಾ ಎದೆಗೆ ಷೆರಿಫನ ನಕ್ಷತ್ರ ತಗಲಿಸ್ಕೊಂಡು? ನಿಮ್ಮಮ್ಮ ಕೆಮ್ಮಿ ಕೆಮ್ಮಿ ಸಾಯೋವಾಗ ಗಂಜಿ ಕಾಯಿಸಿ ತಂದವನು ಯಾರು? ನನ್ನ ಗಂಡ. ಅವನ ಕೈಗೆ ಕೋಳ ಹಾಕೋಕೆ ನಿನಗೆ ಕೈ ಹೇಗೆ ಬಂತೋ?"

"ಅಕ್ಕ, ಅವನು ಭಾನುವಾರ ಎಲ್ಲಿದ್ದ ಅಂತ ನೀನಾದ್ರೂ ಹೇಳು. ಬಿಡಿಸ್ತೀನಿ."

"ಅವನೇ ಹೇಳಲ್ಲ ಅಂದದ್ದನ್ನ ನಾನು ಹೇಳ್ತೀನಾ? ಹೋಗೋ."

ಅವಳು ಕೈಲಿದ್ದ ಅಂಗಿಯನ್ನು ಹಿಂಡಿ ಕೊಡವಿದಳು. ಗಂಡಸರ ಅಂಗಿ. ಹಗ್ಗಕ್ಕೆ ಹಾಕಿದಳು.

"ಒಣಗಿದ ಮೇಲೆ ಇದನ್ನ ಅವನಿಗೆ ಕೊಟ್ಟುಬಿಡು. ಜೈಲಲ್ಲಾದ್ರೂ ಮನುಷ್ಯನ ಹಾಗೆ ಇರ್ಲಿ."

ಅಂಗಿ ಬಿಸಿಲಲ್ಲಿ ಅಚ್ಚ ಬಿಳಿಯಾಗಿ ತೂಗುತ್ತಿತ್ತು. ಫರ್ಮನ್ ಅದನ್ನೇ ನೋಡುತ್ತ ನಿಂತ.

"ಇದನ್ನ ಈ ತೊರೆಯಲ್ಲಾ ಒಗೆದದ್ದು?"

"ಮತ್ತೆ? ಬಾವಿಯಿಂದ ಯಾರು ಹೊರ್ತಾರೆ? ಶನಿವಾರ ಬೆಳಿಗ್ಗೆ ಎದ್ದು ನೋಡಿದ್ರೆ ನೀರು ತಿಳಿಯಾಗಿತ್ತು. ನಾನು ಈ ಕೇರಿಗೆ ಬಂದಮೇಲೆ ತೊರೆಯ ತಳದ ಕಲ್ಲು ಕಂಡದ್ದು ಇದೇ ಮೊದಲು. ನೋಡು ಆ ಮಕ್ಕಳನ್ನ, ಅವತ್ತಿಂದ ದಡ ಬಿಟ್ಟು ಏಳ್ತಿಲ್ಲ. ಬೆಣಚುಕಲ್ಲಂತೆ, ಏಡಿಯಂತೆ!"

ಫರ್ಮನ್ ದಡಕ್ಕಿಳಿದು ಬೊಗಸೆಯಲ್ಲಿ ನೀರೆತ್ತಿದ. ಕೈಯ ಗೆರೆಗಳೆಲ್ಲ ಕಂಡವು. ಅಯ್ಯೋ ನನ್ನ ಬುದ್ಧಿಯೇ ಎಂದು ಹಣೆ ಚಚ್ಚಿಕೊಂಡ.

ಅಲ್ಲಿಂದ ನೇರ ಬಣ್ಣದ ಮನೆಯ ಮುದುಕನ ಬಳಿಗೆ ಓಡಿದ. ಮುದುಕ ಮೆಟ್ಟಿಲ ಮೇಲೆ ಪೈಪು ಸೇದುತ್ತ ಕೂತಿದ್ದ. ಮೊಣಕೈವರೆಗೆ ಅವನ ಕೈ ನೀಲಿ, ಸತ್ತರೂ ಹೋಗದ ನೀಲಿ.

"ತಾತ, ಬಣ್ಣದ ತೊಟ್ಟಿ ಖಾಲಿ ಮಾಡಿದ್ದು ಯಾವಾಗ?"

"ಶುಕ್ರವಾರ ಸಂಜೆ. ಚರ್ಚಿನಲ್ಲಿ ಮುಷ್ಕರದ ಸಭೆ ಶುರುವಾಗೋ ಹೊತ್ತಿಗೆ ತೂಬು ಎತ್ತಿ, ನಾನೂ ಸಭೆಗೆ ಹೋದೆ. ಆಮೇಲೆ ಒಂದು ಹನಿ ಬಿಟ್ಟಿಲ್ಲ."

*

ವರ್ಡಿಯ ಮನೆಯ ಕದ ತೆರೆದೇ ಇತ್ತು. ಅವಳು ಒಲೆಯ ಮುಂದೆ ಕೂತಿದ್ದಳು. ಒಳಕೋಣೆಯಲ್ಲಿ ಮಗಳು ಓಪಲ್, ಇನ್ನೂ ಹತ್ತು ತುಂಬದ ಹುಡುಗಿ, ಜ್ವರ ಬಿಟ್ಟ ನಿದ್ದೆಯಲ್ಲಿದ್ದಳು.

ಫರ್ಮನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಇದೇ ವರ್ಡಿ ಮತ್ತು ಅವನು ಚಿಕ್ಕವರಿದ್ದಾಗ ಒಂದೇ ನೂಲಿನ ಯಂತ್ರದ ಮುಂದೆ ಪೆಟ್ಟಿಗೆ ಹತ್ತಿ ನಿಂತವರು. ಅವನು ನಿದ್ದೆ ಹೋದರೆ ಅವನ ಪಾಲಿನ ಕಡಿದ ಎಳೆಗಳನ್ನೂ ಅವಳೇ ಕೂಡಿಸುತ್ತಿದ್ದಳು. ಎಷ್ಟು ಬಾರಿ ಅವನನ್ನು ಏಟಿನಿಂದ ಉಳಿಸಿದ್ದಳೋ.

"ವರ್ಡಿ, ಭಾನುವಾರ ಊಟಕ್ಕೆ ಬಂದಾಗ ರಾಸ್ಕೋ ಏನು ಹಾಕ್ಕೊಂಡಿದ್ದ?"

"ಬಿಳಿ ಅಂಗಿ. ಯಾಕೆ?"

"ಕಲೆಗಿಲೆ ಇತ್ತಾ?"

"ನಾನೇ ಒಗೆದು ಇಸ್ತ್ರಿ ಮಾಡಿಟ್ಟದ್ದು. ಹಾಲಿನ ಹಾಗಿತ್ತು."

ಅವಳು ಬೇರೆ ಏನಾದರೂ ಹೇಳಬಾರದಿತ್ತೇ ಎನಿಸಿತು ಅವನಿಗೆ.

"ಆ ಅಂಗಿ ನೀರಿಂದ ಮೇಲೆ ಬಂದಾಗ ನೀಲಿಯಾಗಿತ್ತು. ನಾವೆಲ್ಲ ನೋಡಿದ್ವಿ. ಒಬ್ಬರಿಗೂ ಹೊಳೀಲಿಲ್ಲ. ತೊರೆಗೆ ಬಿದ್ದದ್ದು ನೀಲಿಯಾಗುತ್ತೆ, ಅದು ನಮಗೆ ಸೂರ್ಯ ಹುಟ್ಟಿದಷ್ಟು ಮಾಮೂಲು. ಆದ್ರೆ ವರ್ಡಿ, ತೊರೆಯಲ್ಲಿ ಶನಿವಾರದಿಂದ ನೀಲಿ ಇಲ್ಲ. ಭಾನುವಾರ ಬಿದ್ದವನು ಬಿಳಿಯಾಗೇ ಸಿಗ್ಬೇಕಿತ್ತು, ಆರ್ಫಾ ಒಗೆದ ಅಂಗಿ ಹಾಗೆ. ರಾಸ್ಕೋ ನೀರಿಗೆ ಬಿದ್ದದ್ದು ಶುಕ್ರವಾರ ಸಂಜೆ, ಕೊನೇ ಬಣ್ಣ ಹರೀತಿದ್ದಾಗ. ಅವನು ಬೆಟ್ಟಕ್ಕೆ ಹೋಗ್ಲೇ ಇಲ್ಲ. ಸತ್ತವನು ಎರಡು ದಿನ ಆದ್ಮೇಲೆ ನಿನ್ನ ಮನೇಲಿ ಬೀನ್ಸು ಹೇಗೆ ತಿಂದ?"

ವರ್ಡಿ ಒಲೆಯ ಬೆಂಕಿಯನ್ನು ನೋಡಿದಳು.

"ಶುಕ್ರವಾರ ಸಂಜೆ ಕೇರಿಗೆ ಕೇರಿಯೇ ಚರ್ಚಿನಲ್ಲಿತ್ತು," ಎಂದ ಫರ್ಮನ್. "ಆಸಾ ಎಲ್ಲರ ಮುಂದೆ ನಿಂತು ಭಾಷಣ ಮಾಡ್ತಿದ್ದ. ಸಭೆಗೆ ಬರದೇ ಇದ್ದವರು ಬೆರಳೆಣಿಕೆ. ಮಗಳಿಗೆ ಜ್ವರ ಅಂತ ನೀನು ಬಂದಿರಲಿಲ್ಲ. ಅದಕ್ಕೇ ಭಾನುವಾರ ಅಂದೆ, ಅಲ್ವಾ? ಭಾನುವಾರ ಎಲ್ಲರೂ ಎಲ್ಲೆಲ್ಲೋ ಇದ್ರು."

"ಯಾರ ಮೇಲೂ ಬರಲ್ಲ ಅಂದ್ಕೊಂಡೆ ಕಣೋ," ಎಂದಳು ವರ್ಡಿ. "ಯಾರೋ ಏನೋ ಅಂತ ಬಿಟ್ಟುಬಿಡ್ತಾರೆ ಅಂದ್ಕೊಂಡೆ. ಆಸಾನ ಹೆಸರು ನನ್ನ ಬಾಯಲ್ಲಿ ಬರಲಿಲ್ಲ, ದೇವರಾಣೆ. ಅವನನ್ನ ಹಿಡಿದ ಮೇಲೆ ನನ್ನ ಬಾಯೇ ಕಟ್ಟಿಹೋಯ್ತು. ಬಾಯಿ ಬಿಟ್ರೆ ಓಪಲ್ ಗತಿ ಏನು?"

"ಏನಾಯ್ತು ಅವತ್ತು?"

"ಗಿರಣಿ ಮನೆಯ ಕಾನೂನು ನಿನಗೆ ಗೊತ್ತಲ್ಲ. ಎಷ್ಟು ಕೋಣೆಯೋ ಅಷ್ಟು ಆಳು ಗಿರಣಿಗೆ ಕೊಡ್ಬೇಕು, ಇಲ್ಲಾಂದ್ರೆ ಮನೆ ಖಾಲಿ ಮಾಡ್ಬೇಕು. ನಾನು, ಅವನು, ನನ್ನ ದೊಡ್ಡ ಮಗಳು ಲೆಟ್ಟಿ. ಲೆಟ್ಟಿಯನ್ನ ಕರ್ಕೊಂಡು ಹೋಗಿ ಸೇರಿಸಿದವನೂ ಅವನೇ. ಜಡೆ ಯಂತ್ರದ ಬೆಲ್ಟಿಗೆ ಸಿಕ್ತು. ಅವಳನ್ನ ಮಣ್ಣು ಮಾಡಿ ಇನ್ನೂ ಹುಲ್ಲು ಹುಟ್ಟಿಲ್ಲ ಫರ್ಮನ್. ಶುಕ್ರವಾರ ಸಂಜೆ ಬೆಟ್ಟಕ್ಕೆ ಹೊರಟವನು ಬಾಗಿಲಲ್ಲಿ ನಿಂತು ಹೇಳ್ತಾನೆ, 'ಸೋಮವಾರ ಓಪಲ್‌ನ ರೆಡಿ ಮಾಡಿಟ್ಟಿರು, ಹನ್ನೆರಡು ತುಂಬಿದೆ ಅಂತ ಕಿಲ್ಗೋರ್‌ಗೆ ಹೇಳಿದ್ದೀನಿ' ಅಂತ. ಕಾಲುಸೇತುವೆವರೆಗೂ ಹಿಂದೇ ಹೋದೆ. ಕಾಲು ಹಿಡಿದೆ. ನಕ್ಕ. 'ಅಕ್ಕನ ಜಾಗ ಖಾಲಿ ಇದೆ, ತಂಗಿ ನಿಲ್ತಾಳೆ' ಅಂದ."

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು.

"ತಳ್ಳಿದೆ. ಸಾಯ್ಲಿ ಅಂತ ತಳ್ಳಿದ್ನೋ, ಬಾಯಿ ಮುಚ್ಚಲಿ ಅಂತ ತಳ್ಳಿದ್ನೋ, ನನಗೇ ಗೊತ್ತಿಲ್ಲ. ಕೆಳಗೆ ಬಂಡೆ ಇತ್ತು."

ಒಲೆಯಲ್ಲಿ ಕಟ್ಟಿಗೆ ಸರಿಯಿತು.

"ನಿನ್ನನ್ನ ಬಿಟ್ಟು ಬೇರೆ ಯಾರಿಗೆ ಗೊತ್ತು?" ಎಂದು ಮೆಲ್ಲಗೆ ಕೇಳಿದಳು.

"ಯಾರಿಗೂ ಗೊತ್ತಿಲ್ಲ."

"ಹಾಗಾದ್ರೆ..."

"ಆಗಲ್ಲ ವರ್ಡಿ. ಆಸಾನನ್ನ ಬಿಡಿಸ್ಬೇಕು ಅಂದ್ರೆ ಕೊಲೆ ಶುಕ್ರವಾರ ಆಯ್ತು ಅನ್ನಬೇಕು. ಶುಕ್ರವಾರ ಅಂದ ತಕ್ಷಣ, ಭಾನುವಾರ ಅಂತ ಪ್ರಮಾಣ ಮಾಡಿದವಳು ಯಾರು ಅಂತ ಕೇಳ್ತಾರೆ. ನಾನು ದಾರಿಯುದ್ದಕ್ಕೂ ಯೋಚಿಸ್ಕೊಂಡೇ ಬಂದೆ. ಇನ್ನೊಂದು ದಾರಿ ಇದ್ದಿದ್ರೆ ನಾನು ಈ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ."

ವರ್ಡಿ ಎದ್ದಳು. ಒಳಗೆ ಹೋಗಿ ಮಗಳ ಹೊದಿಕೆ ಸರಿಮಾಡಿದಳು. ಹಣೆ ಮುಟ್ಟಿ ನೋಡಿದಳು. ಶಾಲು ಹೊದ್ದು ಬಂದಳು.

"ಎಬ್ಬಿಸಬೇಡ," ಎಂದಳು. "ಆರ್ಫಾಗೆ ಹೇಳಿಹೋಗೋಣ. ಅವಳು ಕದ ಮುಚ್ಚಿದ್ರೆ ಮುಚ್ಚಲಿ, ಕೇಳಿ ನೋಡ್ತೀನಿ."

ಆರ್ಫಾ ಕದ ಮುಚ್ಚಲಿಲ್ಲ. ಎಲ್ಲವನ್ನೂ ಕೇಳಿದಳು. ಒದ್ದೆ ಕೈ ಒರೆಸಿಕೊಂಡು ವರ್ಡಿಯ ಮನೆಯ ಕಡೆ ನಡೆದಳು.

*

ಆಸಾ ಅಂದೇ ಹೊರಬಂದ. ಆದರೆ ಮುಷ್ಕರ ಉಳಿಯಲಿಲ್ಲ. ಕೇರಿಯವರು ಕೊಲೆಗಡುಕರು ಎಂದು ಕಿಲ್ಗೋರ್ ಊರೆಲ್ಲ ಡಂಗುರ ಹೊಡೆಸಿದ. ಹಸಿದ ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಶಿಳ್ಳೆ ಕೂಗಿತು, ಚಕ್ರ ತಿರುಗಿತು. ಆಸಾನ ಮನೆಯ ಸಾಮಾನನ್ನು ಬೀದಿಗೆ ಹಾಕಲು ಬಂದ ಆಜ್ಞೆಯನ್ನು ಜಾರಿ ಮಾಡಬೇಕಾದವನು ಫರ್ಮನ್. ಮೇಜು ಕುರ್ಚಿಗಳನ್ನು ತಾನೇ ಹೊತ್ತು ಗಾಡಿಗೇರಿಸಿದ. ಮೈಲಿ ಮೈಲಿ ದೂರದ ಯಾವ ಗಿರಣಿಯಲ್ಲೂ ಆಸಾನಿಗೆ ಇನ್ನು ಕೆಲಸವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ವರ್ಡಿಗೆ ಶಿಕ್ಷೆಯಾಯಿತು. ಮುದುಕಿಯಾಗಿ ಹೊರಬರುವಷ್ಟು ಶಿಕ್ಷೆ. ಅವಳನ್ನು ದೊಡ್ಡ ಜೈಲಿಗೆ ಸಾಗಿಸುವ ಮುನ್ನ ಫರ್ಮನ್ ನೋಡಲು ಹೋದ. ಸತ್ಯ ಕಂಡುಹಿಡಿದದ್ದಕ್ಕೆ ಷೆರಿಫ್ ಅವನ ಬೆನ್ನು ತಟ್ಟಿದ್ದ. ಆ ಬೆನ್ನು ಇನ್ನೂ ಉರಿಯುತ್ತಿತ್ತು.

"ಓಪಲ್?" ಎಂದು ಅವಳೇ ಕೇಳಿದಳು. ಕಂಬಿ ಹಿಡಿದ ಬೆರಳು ಬೆಳ್ಳಗಾಗಿದ್ದವು.

"ಗಿರಣಿಗೆ ಹೋಗಿಲ್ಲ. ಆರ್ಫಾಳ ತಮ್ಮನ ಹೊಲ ಬೆಟ್ಟದ ಕಡೆ ಇದೆಯಂತೆ. ಎಲ್ಲರೂ ಅಲ್ಲಿಗೆ ಹೋದ್ರು. ಅವಳೂ ಹೋದ್ಲು."

"ಆಸಾ ಬೇಡ ಅನ್ಲಿಲ್ವಾ?"

"ಗಾಡಿಗೆ ಎತ್ತಿ ಕೂರಿಸಿದ್ದೇ ಅವನು."

ವರ್ಡಿ ತಲೆ ತಗ್ಗಿಸಿದಳು. ಮತ್ತೆ ಕೇಳಿದಳು.

"ಹೋಗೋವಾಗ ಅತ್ಲಾ?"

ಸುಳ್ಳು ಹೇಳಿಬಿಡಲೇ ಎಂದುಕೊಂಡ ಫರ್ಮನ್. ಆಗಲಿಲ್ಲ.

"ಅತ್ಲು. ಅಮ್ಮ ಬೇಕು ಅಂತ ಊರಿಗೆಲ್ಲ ಕೇಳೋ ಹಾಗೆ ಅತ್ಲು."

"ಒಳ್ಳೇದಾಯ್ತು," ಎಂದಳು ವರ್ಡಿ. ಅವಳ ಮುಖ ಮೊದಲ ಬಾರಿಗೆ ಹಗುರಾಯಿತು. "ಲೆಟ್ಟಿ ಗಿರಣಿಗೆ ಸೇರಿದ ವಾರದಲ್ಲೇ ಅಳೋದು ನಿಲ್ಲಿಸಿಬಿಟ್ಟಿದ್ಲು."