ಗಾಡಿ ಬಾಗಿಲಿನ ನಂಬರ್

“ಹತ್ತೊಂಬತ್ತು!” ಎಂದು ಮಾಯಾ ಕೂಗಿದಳು. ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಚಕ್ರದ ಮೇಲೆ ತುಕ್ಕು ತಿಂದ ಜಾಗವಿತ್ತು. ಅದರ ಸುತ್ತ ಸೀಮೆಸುಣ್ಣದಿಂದ ಒಂದು ದೊಡ್ಡ ಗುಂಡು ಎಳೆದಳು.

“ಇನ್ನೂ ಒಂದ ಬಾಜೂ ಮುಗದಿಲ್ಲಲ್ಲವಾ,” ಎಂದು ತುಕಾರಾಮ ಮಿಸ್ತ್ರಿ ನಕ್ಕ. ಅವನು ಕಟ್ಟೆಯ ಮೇಲೆ ಕುಳಿತು ಚಹಾ ಊದುತ್ತಿದ್ದ. “ಹಿಂಗಾದ್ರ ನಾ ಗಾಡಿ ಒಯ್ಯೂದಿಲ್ಲ, ಬರೇ ಗುಂಡ ಒಯ್ಯತೇನಿ.”

ಮಿಸ್ತ್ರಿ ಬೆಳಿಗ್ಗೆ ಜಮಖಂಡಿಯಿಂದ ಬಂದಿದ್ದ. ಸಂಜೆ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ತನ್ನ ಗ್ಯಾರೇಜಿಗೆ ಒಯ್ಯಬೇಕಿತ್ತು. ಮುಂದಿನ ತಿಂಗಳು ಸುಭಾಷ್ ಕಾಕಾನ ಮದುವೆ. ಮೆರವಣಿಗೆ ಇದೇ ಕಾರಿನಲ್ಲಿ.

ಆದರೆ ಕಾರನ್ನು ಎಷ್ಟು ರಿಪೇರಿ ಮಾಡಿಸಬೇಕು? ಎಂಟು ದಿನದಿಂದ ಮನೆಯಲ್ಲಿ ಇದೇ ಜಗಳ.

“ಪೂರಾ ಹೊಸಾದ ಮಾಡಸೂನು. ಹಳೇ ಬಣ್ಣಾ ಎಲ್ಲಾ ಕೆರದು ತಗೀರಿ,” ಎನ್ನುತ್ತಿದ್ದರು ಅಪ್ಪ.

“ಎಂಜಿನ್ ಆತು, ಬ್ರೇಕ್ ಆತು, ಸಾಕು. ಬಣ್ಣಾ ಓಡಸತೈತೇನು ಗಾಡಿನ?” ಎನ್ನುತ್ತಿದ್ದ ಗಿರಮಲ್ಲಪ್ಪಜ್ಜ. ಕಾರು ಅಜ್ಜನದು. ಅವನು ಅದನ್ನು ಹಳೇ ಊರಿನಲ್ಲಿ ಬಾಡಿಗೆಗೆ ಓಡಿಸುತ್ತಿದ್ದ. ಆ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿತು. ಆಮೇಲೆ ಬೀಳಗಿ ರಸ್ತೆಯ ಈ ಹೊಸ ಊರಿಗೆ ಎಲ್ಲರೂ ಬಂದರು. ಮಾಯಾ ಹುಟ್ಟಿದ್ದು ಇಲ್ಲೇ. ಕಾರು ಓಡಿದ್ದನ್ನು ನೋಡಿದ್ದು ಅವಳಿಗೆ ಸರಿಯಾಗಿ ನೆನಪೂ ಇಲ್ಲ.

ಬೆಳಿಗ್ಗೆಯೂ ಅದೇ ಜಗಳ ಕೇಳಿ ಕೇಳಿ ಮಿಸ್ತ್ರಿಗೂ ಸಾಕಾಗಿ, ಕಿಸೆಯಿಂದ ಸೀಮೆಸುಣ್ಣ ತೆಗೆದ. “ಹುಡಿಗಿ ಕೈಯಾಗ ಈ ಖಡು ಕೊಡ್ರಿ. ಈಕಿ ಗುಂಡ ಹಾಕಿದ್ದೆಲ್ಲಾ ಹೊಸಾದ ಮಾಡತೇನಿ. ಹಾಕಲಾರದ್ದು ಮುಟ್ಟೂದಿಲ್ಲ. ಕಬೂಲೇನ್ರಿ?”

ಅಪ್ಪ ತಟ್ಟನೆ “ಕಬೂಲ್” ಎಂದರು. ಮಗಳು ಯಾರ ಪಾರ್ಟಿ ಎಂದು ಅವರಿಗೆ ಗೊತ್ತಿತ್ತು. ಅಜ್ಜ ಮಾಯಾಳ ಮುಖ ನೋಡಿದ. “ನಿನ್ನ ಖುಷಿ, ಯವ್ವಾ,” ಎಂದಷ್ಟೇ ಹೇಳಿ ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತ ಕುಳಿತ. ಅಪ್ಪ ಟ್ರ್ಯಾಕ್ಟರ್ ತರಲು ಹೋದರು.

ಮಾಯಾಗೆ ಕಾರು ಹೊಸದಾಗಲೇಬೇಕಿತ್ತು. ಅದಕ್ಕೆ ಕಾರಣ ಸಂಜು. ನಿನ್ನೆ ಕ್ಲಾಸಿನಲ್ಲಿ ಎಲ್ಲರ ಮುಂದೆ ಅವನು ಹೇಳಿದ್ದ, “ನಿಮ್ಮ ಕಾಕಾ ನಡಕೊಂಡ ಬರ್ಲಿ ಬಿಡಬೇ. ಆ ಗುಜರಿ ಗಾಡಿ ದೂಡಾಕ ಇಡೀ ಸಾಲಿ ಬರಬೇಕಾಗತೈತಿ!”

“ನೋಡತಿರಲೇ,” ಎಂದು ಮಾಯಾ ಸಿಟ್ಟಿನಿಂದ ಹೇಳಿದ್ದಳು. “ಕನ್ನಡಿ ಆದಂಗ ಆಗತೈತಿ. ಅದರಾಗ ಮುಖಾ ನೋಡಿ ತೆಲಿ ಬಾಚಕೊ.”

ಈಗ ಅವಳು ಒಳಗೆ ತಲೆ ಹಾಕಿ ಸ್ಟೇರಿಂಗಿನ ಹತ್ತಿರದ ಹಳದಿ ಕಲೆಗೂ ಗುಂಡು ಎಳೆದಳು. “ಇಪ್ಪತ್ತು!”

“ಏ, ಏ! ಅದು ಬೀರಪ್ಪ ದೇವರ ಭಂಡಾರದ ಅರಿಷಿಣ. ದೇವರಿಗೂ ಡೆಂಟಿಂಗ್ ಮಾಡಲೇನು?” ಎಂದ ಮಿಸ್ತ್ರಿ.

ಮಾಯಾ ನಾಲಿಗೆ ಕಚ್ಚಿಕೊಂಡು ಆ ಗುಂಡನ್ನು ಒರೆಸಿದಳು. ಕಾರು ಸುತ್ತಿ ಎಡಗಡೆಗೆ ಬಂದಳು.

ಹಿಂದಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ 214 ಎಂದು ಬರೆದಿತ್ತು. ಯಾರೋ ಅವಸರದಲ್ಲಿ ಬರೆದ ಹಾಗೆ. ನಾಲ್ಕರ ಕಾಲಿನಿಂದ ಬಣ್ಣ ಸೋರಿ ಕೆಳಗಿನವರೆಗೆ ಇಳಿದು ಒಣಗಿತ್ತು. ಎಲ್ಲಕ್ಕಿಂತ ದೊಡ್ಡ ಗುಂಡು ಇದಕ್ಕೇ ಎಂದು ಮಾಯಾ ಕೈ ಚಾಚಿ ಎಳೆದಳು.

ಹಗ್ಗ ಹೊಸೆಯುತ್ತಿದ್ದ ಅಜ್ಜನ ಕೈ ನಿಂತಿತು.

“ಇದೇನ ಅಜ್ಜಾ, ಟ್ಯಾಕ್ಸಿ ನಂಬರೇನು?”

“ಏನಿಲ್ಲ ಬಿಡು.”

“ಮತ್ತ ಯಾರ ಬರದಾರ?”

“ಏನಿಲ್ಲ ಅಂದ್ನೆಲ್ಲ. ಇರ್ಲಿ ಗುಂಡ.” ಅಜ್ಜ ಮುಖ ಆ ಕಡೆ ತಿರುಗಿಸಿದ. ಅಜ್ಜ ಹಾಗೆ ಮುಖ ತಿರುಗಿಸುವುದು ಮಾಯಾಗೆ ಹೊಸದು. ಸೀಮೆಸುಣ್ಣ ಹಿಡಿದ ಕೈ ಸುಮ್ಮನೆ ಕೆಳಗಿಳಿಯಿತು.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಹೊಳೆವ್ವ ಆಯಿ ಇಳಿದಳು. ಹಳೇ ಊರಿನಲ್ಲಿ ಅವಳದು ಅಜ್ಜನ ಪಕ್ಕದ ಮನೆ. ಊರು ಮುಳುಗಿದ ಮೇಲೆ ಅವಳು ಲೋಕಾಪುರದಲ್ಲಿ ಮಗನ ಜೊತೆಗಿದ್ದಳು. ಮದುವೆ ಸುದ್ದಿ ಕೇಳಿ ಬುತ್ತಿ ಕಟ್ಟಿಕೊಂಡು ಬಂದಿದ್ದಳು.

ಕಾರನ್ನು ನೋಡಿದ್ದೇ ಅವಳು ಬುತ್ತಿಗಂಟು ಹಿಡಿದು ನಿಂತುಬಿಟ್ಟಳು.

“ಯಪ್ಪಾ ಶಿವನ! ಎರಡನೂರಾ ಹದಿನಾಕು ಇನ್ನೂ ಐತಿ!” ಸೆರಗಿನಿಂದ ಬಾಗಿಲಿನ ಧೂಳು ಒರೆಸಿದಳು. “ನಮ್ಮದು ಎರಡನೂರಾ ಹದಿನೈದು.”

“ನಿಮ್ಮದೂ ಗಾಡಿ ಇತ್ತೇನ ಆಯಿ?” ಎಂದಳು ಮಾಯಾ.

“ಗಾಡಿ ಅಲ್ಲವಾ, ಮನಿ! ನಿಮ್ಮಜ್ಜ ಹೇಳಿಲ್ಲೇನು?”

“ಹೊಳೆವ್ವಾ, ಸುಮ್ಮನಿರಬೇ,” ಎಂದ ಅಜ್ಜ.

ಹೊಳೆವ್ವ ಸುಮ್ಮನಿರುವವಳಲ್ಲ. “ನೀರ ಬರತೈತಂತ ಸರ್ವೇದವರು ಬಂದ್ರು. ಮುಳಗೂ ಮನಿಗೆಲ್ಲಾ ಬಾಗಲಾ ಬಾಜೂ ಗ್ವಾಡಿಗೆ ಕೆಂಪ ನಂಬರ್ ಬರಕೋಂತ ಹೊಂಟ್ರು. ನಿಮ್ಮಜ್ಜ ಏನ ಮಾಡಿದಾ ಗೊತ್ತೇನು? ಈ ಗಾಡಿ ತಂದು ಗ್ವಾಡಿಗೆ ಹತ್ತಿಸಿ ನಿಲ್ಲಿಸಿದಾ. ಚಾವಿ ಕಿಸೇದಾಗ ಇಟಗೊಂಡು ಕಟ್ಟಿ ಮ್ಯಾಲ ಕುಂತಾ. ನಂಬರ್ ಬೀಳಲಿಲ್ಲಂದ್ರ ಮನಿ ಮುಳಗೂದಿಲ್ಲಂತ!”

ಮಿಸ್ತ್ರಿಗೆ ಚಹಾ ನೆತ್ತಿಗೇರಿತು. “ಮುಂದ?”

“ಮುಂದೇನು! ಬಣ್ಣದ ಡಬ್ಬಿ ಹಿಡದಾಂವ ಎಷ್ಟೊತ್ತಂತ ನಿಲ್ಲತಾನ? ಗಾಡಿ ಬಾಗಲಕ್ಕ ಬರದ ಹೋದಾ!”

ಮಾಯಾಗೂ ನಗು ತಡೆಯಲಾಗಲಿಲ್ಲ. ಅಜ್ಜನೂ ನಕ್ಕ. “ನಾ ಹುಚ್ಚ ಆಗಿದ್ನಿ ಆವತ್ತ,” ಎಂದ. ನಗುತ್ತಲೇ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಹೊಳೆವ್ವ ಚಪ್ಪಲಿ ಕಳಚಿ ಕಾರಿನ ಪಕ್ಕ ಜೋಡಿಸಿ ಇಟ್ಟಳು. ಬಾಗಿಲನ್ನು ಬೆರಳಿನಿಂದ ಎರಡು ಸಲ ಬಡಿದಳು. “ಗಿರಮಲ್ಲಣ್ಣಾ, ಮನ್ಯಾಗ ಅದೀಯೇನು?”

ಅಜ್ಜ ಹಗ್ಗ ಕೆಳಗಿಟ್ಟ. ಆಮೇಲೆ ಎದ್ದು ಬಂದು ಬಾಗಿಲು ತೆರೆದ. “ಬಾರಬೇ. ಒಳಗ ಬಾ.”

ಇಬ್ಬರೂ ಹರಿದ ಸೀಟಿನ ಮೇಲೆ ಕುಳಿತರು. ಹಳೇ ಓಣಿಯಲ್ಲಿ ಯಾರ ಮನೆಯಾದ ಮೇಲೆ ಯಾರ ಮನೆ ಎಂದು ಹೊಳೆವ್ವ ಒಂದೊಂದೇ ಹೇಳತೊಡಗಿದಳು. ಅವಳು ಮರೆತಲ್ಲಿ ಅಜ್ಜ ಹೇಳಿಕೊಟ್ಟ.

ಮಾಯಾ ಅವರ ಚಪ್ಪಲಿಗಳನ್ನು ನೋಡಿದಳು. ಅಜ್ಜನೂ ತನ್ನದನ್ನು ಹೊರಗೇ ಬಿಟ್ಟಿದ್ದ. ಅವಳು ಮೆಲ್ಲಗೆ ಬಾಗಿಲ ಹತ್ತಿರ ಹೋಗಿ, ಫ್ರಾಕಿನ ತುದಿಯಿಂದ ಆ ದೊಡ್ಡ ಗುಂಡನ್ನು ಒರೆಸಿದಳು. ಕೆಂಪು ಬಣ್ಣ ಉಜ್ಜಿಹೋಗದಂತೆ ಹಗುರಾಗಿ.

ಸಂಜೆ ಟ್ರ್ಯಾಕ್ಟರ್ ತಂದ ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. “ಇದೊಂದ ಬಿಟ್ಟೀಯಲ್ಲ ಮಾಯಾ?”

“ಬಿಟ್ಟೇನಿ,” ಎಂದಳು ಮಾಯಾ.

“ಸುತ್ತಲೂ ಹೊಸಾದು, ನಡಕ ಹಳೇದು. ಮಂದಿ ಕೇಳತಾರವಾ,” ಎಂದ ಮಿಸ್ತ್ರಿ.

“ಕೇಳಲಿ.”

ಅಪ್ಪ ಅಜ್ಜನ ಕಡೆ ನೋಡಿದರು. “ಕಬೂಲ್ ಅಂದೇನಿ, ಮುಗೀತು,” ಎಂದು ಕಾರಿಗೆ ಹಗ್ಗ ಕಟ್ಟಿದರು.

ಮದುವೆಯ ದಿನ ಅಂಬಾಸಿಡರ್ ಹಾಲಿನ ಕೆನೆಯ ಹಾಗೆ ಹೊಳೆಯುತ್ತಿತ್ತು. ಸಂಜು ಬಂದು ಬಾನೆಟ್ಟಿನಲ್ಲಿ ಮುಖ ನೋಡಿಕೊಂಡ. ಖರೆ ಖರೆ ತಲೆಯನ್ನೂ ಸರಿಮಾಡಿಕೊಂಡ. ಆಮೇಲೆ ಹಿಂದಿನ ಬಾಗಿಲ ಮುಂದೆ ನಿಂತು ಹೋ ಎಂದು ಕೂಗಿದ.

“ಇಲ್ಲಿ ಬಣ್ಣಾ ಹಚ್ಚೂದ ಮರತಾರಬೇ!”

“ಮರತಿಲ್ಲ. ಅದು ನಮ್ಮ ಮನಿ ನಂಬರ್.”

“ಸುಳ್ಳ. ನಿಮ್ಮ ಮನಿದು ಮೂವತ್ತೆಂಟು.”

ಮಾಯಾ ಉತ್ತರ ಹೇಳುವಷ್ಟರಲ್ಲಿ ಹೊಸ ಸೀರೆ ಉಟ್ಟ ಹೊಳೆವ್ವ ಆಯಿ ಕಾರಿನತ್ತ ಬರುವುದು ಕಂಡಿತು. ಹತ್ತಿರ ಬಂದವಳು ಬಗ್ಗಿ ಚಪ್ಪಲಿ ಕಳಚತೊಡಗಿದಳು.

ಮಾಯಾ ಸಂಜುವಿನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ಸರಿಯಲೇ. ಬಾಗಲದಾಗ ನಿಂತೀದಿ.”