ಹುಣಸೆ ಅಂಟಿನ ಬೇಸ್ ಡಬ್ಬಿ

ಯಮನೂರಪ್ಪನನ್ನು ನಾನು ಮೊದಲ ಸಲ ನೋಡಿದಾಗ ಅವನು ನಮ್ಮ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಲೆಯಿಂದ ಇಳಿಸಿಟ್ಟ ಹುಣಸೆಬೀಜದ ಅಂಟಿಗೆ ಬೆರಳು ಅದ್ದಿ, ಆ ಬೆರಳನ್ನು ನೆಕ್ಕುತ್ತಿದ್ದ.

ಅದು ಕಂಬಳಿಯ ನೂಲಿಗೆ ಹಚ್ಚುವ ಗಂಜಿ. ಎತ್ತಿದರೆ ಸಿಂಬಳದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ಅದನ್ನು ಪ್ಯಾಂಟು ಹಾಕಿಕೊಂಡ ಒಬ್ಬ ದೊಡ್ಡ ಗಂಡಸು ಪಾಯಸದ ಸಿಹಿ ನೋಡುವ ಹಾಗೆ ನೋಡುತ್ತಿದ್ದಾನೆ.

“ಛೀ, ಅದನ್ನ ಯಾಕ ನೆಕ್ಕಾಕತ್ತೀರಿ?” ಅಂದೆ.

ಅವನು ತಲೆ ಎತ್ತಿದ. ಕಣ್ಣು ಮಾತ್ರ ಚೆನ್ನಾಗಿದ್ದವು, ಅದನ್ನು ಇಲ್ಲ ಅನ್ನಲಾರೆ. “ಹಳಸ್ಯದೇನು ಅಂತ ನೋಡಾಕತ್ತಿದ್ದೆ. ಇಲ್ಲ, ಚಲೋ ಅದ. ನೀವೂ ಜರಾ ನೋಡ್ತೀರೇನು?”

ಅಂಟು ತೊಟ್ಟಿಕ್ಕುವ ಇನ್ನೊಂದು ಬೆರಳನ್ನು ನನ್ನ ಕಡೆ ಚಾಚಿದ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನಡೆದೆ. ಹಿಂದೆ ಅವನು ನಕ್ಕದ್ದು ಕೇಳಿಸಿತು.

ನನ್ನ ಮೂಗಿನ ವಿಷಯ ಈಗಲೇ ಹೇಳಿಬಿಡುತ್ತೇನೆ. ನಾನು ಹೇಸುವವಳು. ಹಾಲಿನ ಕೆನೆಗೆ ಹೇಸುತ್ತೇನೆ, ಒದ್ದೆ ಚಾಪೆಗೆ ಹೇಸುತ್ತೇನೆ, ಬೇರೆಯವರು ಆಕಳಿಸಿದರೂ ಮುಖ ತಿರುಗಿಸುತ್ತೇನೆ. ಇಂಥ ಆದೆವ್ವ, ಅಂದರೆ ನಾನು, ಹುಟ್ಟಿದ್ದು ಉಣ್ಣೆ ವ್ಯಾಪಾರಿಯ ಮನೆಯಲ್ಲಿ. ನನ್ನ ಅಪ್ಪ ಸಿದ್ದರಾಮಪ್ಪನದು ರಾಯಚೂರಿನಲ್ಲಿ ಉಣ್ಣೆ, ಕಂಬಳಿ ವ್ಯಾಪಾರ, ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಮನೆ. ಮುಂದಿನ ಕೋಣೆಯಲ್ಲಿ ನಾವು, ಹಿಂದಿನ ಕೋಣೆಯಲ್ಲಿ ಉಣ್ಣೆಯ ಚೀಲಗಳು. ಮಳೆ ಬಂದರೆ ಇಡೀ ಮನೆ ನೆನೆದ ಕುರಿಯ ಹಾಗೆ ನಾರುತ್ತಿತ್ತು. ಕಾಲೇಜಿಗೆ ಸೇರಿದ ವರ್ಷ ನನ್ನ ಪಕ್ಕ ಕೂತಿದ್ದ ಹುಡುಗಿ ಕರ್ಚೀಫು ಮೂಗಿಗಿಟ್ಟುಕೊಂಡು ಎದ್ದು ಮುಂದಿನ ಬೆಂಚಿಗೆ ಹೋದಳು. ಅಂದಿನಿಂದ ನಾನು ಪೌಡರಿಲ್ಲದೆ ಹೊಸ್ತಿಲು ದಾಟಿದವಳಲ್ಲ.

ಹಾಗಾಗಿ ಮಾನ್ವಿಯಿಂದ ಇಂಜಿನಿಯರ್ ವರನ ಸಂಬಂಧ ಬಂದಾಗ ನನಗೆ ಖುಷಿಯೇ ಆಯಿತು. ಅವರು ನಮ್ಮ ಪೈಕಿಯವರೇ, ಆದರೆ ಕುರಿ ಬಿಟ್ಟು ನೌಕರಿ ಹಿಡಿದವರು. ಸಿಮೆಂಟಿನ ಕ್ವಾರ್ಟರ್ಸು, ದಿನಾ ಫಿನಾಯಿಲ್ ಹಾಕಿ ಒರೆಸುತ್ತಾರಂತೆ. ವರನ ಮುಖ ನೋಡುವ ಮೊದಲೇ ನಾನು ಆ ಫಿನಾಯಿಲಿಗೆ ಮನಸ್ಸು ಕೊಟ್ಟಿದ್ದೆ.

ಅಪ್ಪನ ಚಿಂತೆಯೇ ಬೇರೆ. ಸೌದಿಯಿಂದ ಬಂದಿದ್ದ ಸತ್ತಾರ್ ಸಾಬರಿಂದ ಅಪ್ಪ ಕಲರ್ ಟೀವಿ, ವಿಡಿಯೋ ಡೆಕ್ ಎರಡನ್ನೂ ಕೊಂಡಿದ್ದ. ಅದು ಎಂಬತ್ತಾರನೇ ಇಸವಿ, ಓಣಿಗೆಲ್ಲ ನಮ್ಮದೊಂದೇ ಡೆಕ್. ಆದರೂ ಸಮಾಧಾನವಿಲ್ಲ.

“ಚಿತ್ರ ಚಂದ ಅದ, ದನಿ ಮಾತ್ರ ಸೊಳ್ಳಿ ಗುಂಯ್ ಅಂದಂಗ ಅದ,” ಅನ್ನುತ್ತಿದ್ದ. “ಬೀಗರು ಬಂದು ಕುಂತ್ರ ಟಾಕೀಸಿನಾಗ ಕುಂತಂಗ ಆಗಬೇಕು. ಎದಿ ಗುದ್ದಬೇಕು.”

ಎದೆ ಗುದ್ದಿಸಲು ಬಂದವನೇ ಈ ಯಮನೂರಪ್ಪ. ದೇವದುರ್ಗದವನು, ಸ್ಟೇಷನ್ ರೋಡಿನಲ್ಲಿ ರೇಡಿಯೋ ರಿಪೇರಿ ಅಂಗಡಿ. ಮುಚ್ಚಿಹೋದ ಟೂರಿಂಗ್ ಟಾಕೀಸಿನ ಮೊರದಗಲದ ಸ್ಪೀಕರೊಂದು ಅವನ ಹತ್ತಿರ ಇತ್ತು. ಈಗಿನವರು ಸಬ್‌ವೂಫರ್ ಅನ್ನುವುದಕ್ಕೆ ಅವನು ಬೇಸ್ ಡಬ್ಬಿ ಅನ್ನುತ್ತಿದ್ದ.

“ಚೌಕದ ಪೆಟ್ಟಿಗಿ ಮಾಡಿದ್ರ ಹಲಗಿ ನಡುಗ್ತಾವ್ರೀ,” ಎಂದು ಅಪ್ಪನಿಗೆ ವಿವರಿಸಿದ. “ಗುಂಡಗ ಕೊಳವಿ ಹಂಗ ಮಾಡಿದ್ರ ನಡುಗಂಗಿಲ್ಲ. ಡೊಳ್ಳು ಗುಂಡಗ ಅದಲ್ಲ, ಹಂಗ. ಮ್ಯಾಲ ಸ್ಪೀಕರ್, ಕೆಳಗ ಗಾಳಿ ಹೋಗಾಕ ಒಂದು ತೂತು, ಒಳಗ ಮೆತ್ತಗ ಉಣ್ಣಿ.”

ಉಣ್ಣೆ ಅಂದ ಕೂಡಲೇ ಅಪ್ಪನಿಗೆ ಅವನ ಮೇಲೆ ನಂಬಿಕೆ ಬಂತು.

ಕೊಳವೆ ಮಾಡುವ ರೀತಿ ಹೀಗೆ. ಖಾಲಿ ಡಾಂಬರ್ ಡ್ರಮ್ಮಿನ ಸುತ್ತ ಹಳೆಯ ಪೇಪರು, ಸಿಮೆಂಟ್ ಚೀಲದ ಕಾಗದ ಸುತ್ತುವುದು, ಪ್ರತಿ ಸುತ್ತಿಗೂ ಅಂಟು ಬಳಿಯುವುದು. ಗಟ್ಟಿಯಾದ ಮೇಲೆ ಡ್ರಮ್ಮು ಜಾರಿಸಿ ತೆಗೆದರೆ ಕೊಳವೆ ಉಳಿಯುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ನನ್ನ ಅವ್ವ ಕರೆಮ್ಮ ಅಂಟು ಕಾಯಿಸುತ್ತಿದ್ದಳು. ಕಾಗದದ ತುದಿ ಹಿಡಿಯುವ ಸೇವೆ ನನ್ನ ಪಾಲಿಗೆ ಬಂತು.

“ಬರ್ರಿ, ಹಿಡೀರಿ. ಕಚ್ಚಂಗಿಲ್ಲ,” ಅಂದ ಯಮನೂರಪ್ಪ.

ನಾನು ಎರಡೇ ಬೆರಳಲ್ಲಿ ತುದಿ ಹಿಡಿದೆ. ಅವನು ಬಳಿಯುತ್ತ ಮುಂದೆ, ನಾನು ಮೂಗು ಮುಚ್ಚಿಕೊಂಡು ಹಿಂದೆ, ಡ್ರಮ್ಮಿನ ಸುತ್ತ ಸುತ್ತುತ್ತಾ ಹೋದೆವು.

“ನಾವು ಹಿಂಗ ಸುತ್ತು ಹಾಕೋದನ್ನ ಯಾರರ ನೋಡಿದ್ರ ಅಕ್ಕಿಕಾಳು ಹಾಕಿ ಹೋಗ್ತಾರ್ರೀ,” ಅಂದ, ಅವ್ವನಿಗೆ ಕೇಳದ ಹಾಗೆ.

“ಕೆಲಸ ನೋಡ್ರಿ ನಿಮ್ಮದು,” ಅಂದೆ. ಆದರೆ ಕಿವಿ ಬಿಸಿಯಾದದ್ದು ನನಗೇ ಗೊತ್ತಾಯಿತು. ಅದರ ಮೇಲೂ ಅಸಹ್ಯವಾಯಿತು. ಮುಂಗೈತನಕ ಅಂಟು, ಮೀಸೆಯ ಮೇಲೆ ಅಂಟು, ಹುಬ್ಬಿನಲ್ಲಿ ಪೇಪರಿನ ಚೂರು. ಇಂಥವನ ಮಾತಿಗೆ ಕಿವಿ ಬಿಸಿಯಾಗುವುದು ಅಂದರೇನು?

ಕೊನೆಯ ಸುತ್ತಿಗೆ ಕಾಗದ ಜಾರಿತು. ಇಬ್ಬರೂ ಒಟ್ಟಿಗೆ ಅದುಮಿದೆವು. ನನ್ನ ಅಂಗೈ ಅವನ ಕೈ ಮೇಲೆ ಕೂತು ಅಲ್ಲೇ ಅಂಟಿಕೊಂಡಿತು.

“ಬಿಡ್ರಿ,” ಅಂದೆ.

“ನಾ ಹಿಡದಿಲ್ರೀ. ಅಂಟು ಹಿಡದದ.”

ಎಳೆದರೆ ಪಚಕ್ ಅಂತ ಸದ್ದು ಮಾಡಿಕೊಂಡು ಬಿಟ್ಟಿತು. ಥೂ, ಎಂಥ ಸದ್ದು. ಸೀಗೆಕಾಯಿ ಹಾಕಿ ಕೈ ತಿಕ್ಕಿದೆ, ತಿಕ್ಕುತ್ತಲೇ ಇದ್ದೆ. ಅಂಟು ಹೋದ ಮೇಲೂ ಕೈಯ ಬಿಸಿ ಹೋಗಲಿಲ್ಲ.

ಡಬ್ಬಿಯ ಕೆಲಸ ತಪ್ಪಿದ್ದು ಈ ಅಂಟಿನಲ್ಲೇ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಬೀಳದಿರಲೆಂದು ಅಂಟಿಗೆ ಮೈಲುತುತ್ತ ಹಾಕುತ್ತಾರೆ, ನಾವೂ ಹಾಕೋಣವೇ ಎಂದು ಯಮನೂರಪ್ಪ ಕೇಳಿದ್ದ. “ಅದು ವಿಷ. ನಮ್ಮತ್ತಿ ಕಾಲದಿಂದ ಕಂಬಳಿಗೆ ಬರೇ ಅಂಟು ಹಚ್ಚೀವಿ, ಒಂದು ಹುಳ ಬಿದ್ದಿಲ್ಲ,” ಅಂದಳು ಅವ್ವ. ಖರೆ, ಬಿದ್ದಿಲ್ಲ. ಆದರೆ ಕಂಬಳಿಯ ನೂಲನ್ನು ಬಿಸಿಲಲ್ಲಿ ಎಳೆದು ಕಟ್ಟಿರುತ್ತಾರೆ, ನಮ್ಮ ಬಿಸಿಲಿಗೆ ಗಂಜಿ ನೋಡ ನೋಡುತ್ತಲೇ ಒಣಗುತ್ತದೆ. ಈ ಕೊಳವೆ ಹಲಗೆಯಷ್ಟು ದಪ್ಪ. ಜೊತೆಗೆ ಓಣಿಯವರ ದೃಷ್ಟಿ ತಾಕೀತು ಎಂದು ಅಪ್ಪ ಅದನ್ನು ಉಣ್ಣೆಯ ಕೋಣೆಯ ಕತ್ತಲಲ್ಲಿ ನಿಲ್ಲಿಸಿದ. ಅಂಟು ಇನ್ನೂ ಹಸಿ ಇರುವಾಗಲೇ ಒಳಗೂ ಹೊರಗೂ ಹಸಿರು ಆಯಿಲ್ ಪೇಂಟ್ ಬಳಿಸಿದ. ಒಳಗೆ ತುಂಬಲು ಕುರಿಯ ಹೊಟ್ಟೆ ಕೆಳಗಿನ, ಹಿಕ್ಕೆ ಅಂಟಿದ, ತೊಳೆಯದ ಉಣ್ಣೆ ಕೊಟ್ಟ. “ಒಳಗ ಯಾರು ನೋಡ್ತಾರ?” ಅಂದ.

ಬೀಗರು ಬರುವ ಹಿಂದಿನ ದಿನ ಡಬ್ಬಿಯನ್ನು ಟೀವಿ ಪಕ್ಕ ನಿಲ್ಲಿಸಿ ಕ್ಯಾಸೆಟ್ ಹಾಕಿದರು. ಯಾವುದೋ ಹಿಂದಿ ಸಿನೆಮಾದ ನಗಾರಿ. ಮೊದಲ ಪೆಟ್ಟಿಗೇ ಗೋಡೆಯ ಮೇಲಿನ ಕ್ಯಾಲೆಂಡರ್ ಕುಣಿಯಿತು. ಅಪ್ಪ ಎದೆ ಹಿಡಿದುಕೊಂಡು ಮಗುವಿನ ಹಾಗೆ ನಕ್ಕ.

“ಇಲ್ಲಿ ಕೈ ಇಡ್ರಿ,” ಅಂದ ಯಮನೂರಪ್ಪ. ತೂತಿನ ಮುಂದೆ ಅಂಗೈ ಒಡ್ಡಿದೆ. ನಗಾರಿಯ ಪ್ರತಿ ಪೆಟ್ಟಿಗೂ ಒಳಗಿನಿಂದ ಮೆತ್ತನೆಯ ಗಾಳಿ ಬಂದು ಕೈ ಮುಟ್ಟಿ ಹೋಯಿತು. ಯಾರೋ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ. ಅವನು ಡಬ್ಬಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ.

“ನಿಮ್ಮನ್ನ ಕರಕೊಂಡು ಹೋಗಾಕ ಬರೋರಿಗೆ ನಾ ವಾಜಂತ್ರಿ ಮಾಡಿ ಕೊಡಾಕತ್ತೀನಿ,” ಅಂದ ಮೆಲ್ಲಗೆ. ನಗಲಿಲ್ಲ.

ನಾನು ಮುಖ ತಿರುಗಿಸಿ ಆ ಕೈಯನ್ನು ಮೂಗಿನ ಹತ್ತಿರ ತಂದೆ. ಸತ್ತ ಇಲಿಯ ವಾಸನೆ.

“ಯಪ್ಪಾ, ಅದು ನಾರಾಕತ್ತದ.”

“ನಿನ್ನ ಮೂಗಿಗೆ ಮಲ್ಲಿಗಿನೂ ನಾರತದ, ಹೋಗು,” ಅಂದ ಅಪ್ಪ.

ಮರುದಿನ ಮಾನ್ವಿಯವರು ಬಂದರು. ವರ, ಅವನ ತಾಯಿ, ಒಬ್ಬ ಸೋದರಮಾವ. ವರನ ಅಂಗಿ ಬೆಳ್ಳಗೆ, ಕಾಲಿಗೆ ಬಿಳೀ ಸಾಕ್ಸು, ಮೈಯಿಂದ ಸೋಪಿನ ಪರಿಮಳ. ನಾನು ಬಯಸಿದ್ದೆಲ್ಲ ಒಂದೇ ಕುರ್ಚಿಯಲ್ಲಿ ಕೂತಿತ್ತು. ಮರ್ಯಾದೆಗೆಂದು ಅಪ್ಪ ಆ ಕುರ್ಚಿಯನ್ನು ಬೇಸ್ ಡಬ್ಬಿಗೆ ಒತ್ತಿಯೇ ಹಾಕಿದ್ದ. ಅವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟಳು. ಯಮನೂರಪ್ಪ ಡೆಕ್ಕಿನ ಪಕ್ಕ ತಲೆ ತಗ್ಗಿಸಿ ನಿಂತು ಗುಂಡಿ ಒತ್ತಿದ.

ಸಿನೆಮಾದ ಹೊಡೆದಾಟ ಶುರುವಾಯಿತು. ಢಂ ಅಂದಿತು, ತೂತು ಉಸಿರು ಬಿಟ್ಟಿತು. ವರ ಮೂಗು ಹಿಂಡಿಕೊಂಡ. ಮತ್ತೆ ಢಂ. ಸೋದರಮಾವ ಬಾಯಲ್ಲಿದ್ದ ಮಿರ್ಚಿಯನ್ನು ಬಾಯಲ್ಲೇ ಇಟ್ಟುಕೊಂಡು ಸುತ್ತ ನೋಡಿದ. ಕೊಳೆತ ಅಂಟು, ಹಿಕ್ಕೆ, ಉಣ್ಣೆಯ ಜಿಡ್ಡು ಎಲ್ಲ ಕೂಡಿಕೊಂಡ ಆ ನಾತವನ್ನು ಪ್ರತಿ ಪೆಟ್ಟೂ ಒತ್ತಿ ಒತ್ತಿ ಹೊರಗೆ ಹಾಕುತ್ತಿತ್ತು. ಹೀರೋ ಖಳನಾಯಕನನ್ನು ಎತ್ತಿ ಒಗೆದ ಹೊತ್ತಿಗೆ ತೂತಿನಿಂದ ಒದ್ದೆ ಉಣ್ಣೆಯ ಉಂಡೆಯೊಂದು ಜಾರಿ ವರನ ಬಿಳೀ ಸಾಕ್ಸಿನ ಮೇಲೆ ಬಿತ್ತು. ಅದರ ತುಂಬ ಬಿಳಿ ಹುಳ ಮಿಜಿಗುಡುತ್ತಿದ್ದವು.

ವರ ಕುರ್ಚಿಯ ಮೇಲೆ ಹತ್ತಿ ನಿಂತ. ನಾನು ಗೋಡೆಗೆ ಒರಗಿ ಬಂದ ವಾಕರಿಕೆಯನ್ನು ನುಂಗಿದೆ. ಅವ್ವ ಓಡಿ ಬಂದು ಬರಿಗೈಯಿಂದಲೇ ಆ ಉಂಡೆ ತೆಗೆದಳು.

ವರನ ತಾಯಿ ಸೆರಗಿನ ಒಳಗಿಂದಲೇ ಮಾತಾಡಿದಳು. “ಕುರಿ ವಾಸನಿ ಇನ್ನಾ ಹೋಗಿಲ್ಲಲ್ಲ ನಿಮ್ಮ ಮನ್ಯಾಗ. ನಾವು ಅದನ್ನೆಲ್ಲ ಬಿಟ್ಟು ಯಾವ ಕಾಲ ಆತು.”

“ಇರಲಿ ಬಿಡವ್ವಾ,” ಅಂದ ವರ, ಕುರ್ಚಿಯ ಮೇಲಿಂದಲೇ. “ಹುಡುಗಿ ಅಡ್ಡಿ ಇಲ್ಲ. ಓದ್ಯಾಳ, ಸ್ವಚ್ಛ ಅದಾಳ. ಮದುವಿ ಆದಮ್ಯಾಲ ಇಲ್ಲಿಗೆ ಬರೋದು ಹೋಗೋದು ಕಡಿಮಿ ಮಾಡಿದ್ರಾತು. ಅವರವ್ವ ನಮ್ಮ ಮನಿಗೆ ಬಂದ್ರ ಹಿತ್ತಲ ಬಾಗಿಲಿಂದ ಬಂದು ಸ್ನಾನ ಮಾಡಿ ಒಳಗ ಬರಲಿ.”

ಸಂಬಂಧ ಮುರಿದಿರಲಿಲ್ಲ. ನಾನು ಹೂಂ ಅಂದರೆ ಸಾಕಿತ್ತು, ಫಿನಾಯಿಲಿನ ಮನೆ ನನ್ನದಾಗುತ್ತಿತ್ತು. ಅವ್ವ ಹುಳದ ಉಂಡೆ ಹಿಡಿದುಕೊಂಡು, ಎಲ್ಲಿ ಇಡಬೇಕೋ ತಿಳಿಯದೆ, ಬೀಗರ ಮುಂದೆ ನಗಲು ನೋಡುತ್ತಿದ್ದಳು. ಅವಳ ಕೈ ನೋಡಿದೆ, ಆ ಬಿಳೀ ಸಾಕ್ಸು ನೋಡಿದೆ. ಹುಟ್ಟಿದಾಗಿನಿಂದ ಎಷ್ಟೋ ವಸ್ತುಗಳಿಗೆ ಹೇಸಿದ್ದೇನೆ, ಒಬ್ಬ ಮನುಷ್ಯನಿಗೆ ಅಷ್ಟು ಹೇಸಿದ್ದು ಅದೇ ಮೊದಲು.

“ಇಳೀರಿ ಕೆಳಗ,” ಅಂದೆ. “ಆ ಕುರ್ಚಿ ನಮ್ಮವ್ವ ಒರೆಸಿದ್ದು. ನಿಮ್ಮ ಕಾಲು ಹೊಲಸಾದಾವು.”

ಅಪ್ಪ ಸಿಟ್ಟಿನಿಂದ ನನ್ನತ್ತ ತಿರುಗಿದ. “ಲೇ ಆದೆವ್ವಾ...”

“ಯಪ್ಪಾ, ನಾ ಒಲ್ಲೆ. ನಮ್ಮವ್ವಗ ಮುಂದಿನ ಬಾಗಿಲು ಇಲ್ಲದ ಮನಿಗೆ ನಾ ಹೋಗಂಗಿಲ್ಲ.”

ಅವರು ಹೋದರು. ಅಪ್ಪ ಸಿಟ್ಟನ್ನೆಲ್ಲ ಯಮನೂರಪ್ಪನ ಮೇಲೆ ಹಾಕಿದ. “ಎತ್ತಿಕೊಂಡು ಹೋಗಲೇ ನಿನ್ನ ಹೆಣಾನ,” ಅಂದ. ಅವನು ಡಬ್ಬಿಯನ್ನು ತಳ್ಳುಗಾಡಿಗೆ ಏರಿಸಿದ. ಯಾಕೆ ಹೋದೆನೋ, ನಾನೂ ಹಿಂದಿನಿಂದ ಗಾಡಿ ತಳ್ಳಿದೆ. ಅಪ್ಪ ಕರೆದ, ಅವ್ವ ಅಪ್ಪನ ತೋಳು ಹಿಡಿದು ನಿಲ್ಲಿಸಿದಳು.

ಮಾವಿನಕೆರೆಯ ಕಡೆಯ ಬಯಲಲ್ಲಿ ಅವನು ಡಬ್ಬಿ ಸೀಳಿದ. ನಾನು ಬಗ್ಗಿ ನೋಡಿದೆ, ಅಲ್ಲೇ ಪಕ್ಕಕ್ಕೆ ತಿರುಗಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದೆ. ಅವನು ದೂರ ಸರಿಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನನ್ನ ಜಡೆ ಹಿಡಿದು ಹಿಂದಕ್ಕೆ ಹಾಕಿದ, ಗಾಡಿಯಲ್ಲಿದ್ದ ಕೊಡದ ನೀರು ಸುರುವಿದ. ನನ್ನ ವಾಂತಿ ಅವನ ಚಪ್ಪಲಿಯ ಮೇಲಿತ್ತು. ನಾನಾಗಿದ್ದರೆ ಆ ಚಪ್ಪಲಿ ಅಲ್ಲೇ ಬಿಟ್ಟು ಓಡುತ್ತಿದ್ದೆ.

“ಬೇಕಂತ ಮಾಡಿದ್ರೇನು?” ಎಂದು ಕೇಳಿದೆ, ಬಾಯಿ ಒರೆಸಿಕೊಳ್ಳುತ್ತಾ.

“ಬೇಕಂತ ಇಷ್ಟು ಕೆಡಸೋ ಶಾಣ್ಯಾತನ ನನಗ ಎಲ್ಲಿ ಬರಬೇಕ್ರೀ.” ಸೀಳಿದ ಕೊಳವೆಯನ್ನೇ ನೋಡುತ್ತಾ ಅಂದ. “ಈ ಸಂಬಂಧ ಮುರೀಲಿ ಅಂತ ಬೇಡಿಕೊಂಡಿದ್ದೆ. ಖರೇನ ಬೇಡಿಕೊಂಡಿದ್ದೆ. ಆದ್ರ ಡಬ್ಬಿ ಚಲೋ ಬಾರಿಸಲಿ ಅಂತನೂ ಬೇಡಿಕೊಂಡಿದ್ದೆ.”

ಆ ನಾತದ ನಡುವೆ ನನಗೆ ನಗು ಬಂತು. ನಕ್ಕು, ಮತ್ತೆ ವಾಕರಿಸಿ, ಮತ್ತೆ ನಕ್ಕೆ.

ಅಪ್ಪ ಕೆಲವು ದಿನ ಮುಖ ಗಂಟಿಕ್ಕಿಕೊಂಡೇ ಇದ್ದ. ಆದರೆ ಎದೆ ಗುದ್ದಿಸಿಕೊಂಡ ರುಚಿ ಅವನನ್ನು ಬಿಡಲಿಲ್ಲ. ಸೊಳ್ಳೆಯ ದನಿಯ ಸಿನೆಮಾ ನೋಡಲಾರದೆ ಕೊನೆಗೆ ತಾನೇ ಸ್ಟೇಷನ್ ರೋಡಿಗೆ ಹೋಗಿ, “ಇನ್ನೊಂದು ಮಾಡಲೇ. ಈ ಸಲ ಸರಿಯಾಗಿ ಮಾಡು,” ಅಂದು ಬಂದ. “ದೇವದುರ್ಗದ ಅವನ ಬಳಗ ನಮ್ಮವರೇ ಅಂತಲ್ಲ?” ಎಂದು ಅವ್ವ ಅದೇ ಸಂಜೆ ಯಾರನ್ನೂ ನೋಡದೆ ಕೇಳಿದಳು. ಅಪ್ಪ ಎದ್ದು ಹೋಗಿ ಉಣ್ಣೆಯ ಚೀಲವೊಂದನ್ನು ತಂದು ನನ್ನ ಮುಂದೆ ಇಟ್ಟ.

ಈ ಸಲ ಉಣ್ಣೆಯನ್ನು ನಾನೇ ತೊಳೆದೆ. ಚೀಕಲಪರ್ವಿಯ ಸೋದರತ್ತೆಯ ಮನೆಗೆ ಚೀಲ ಒಯ್ದು, ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, ಹೇಸುತ್ತಾ, ಬೈಯುತ್ತಾ ತೊಳೆದೆ. ಮೂಗು ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಹಿತ್ತಿಲಲ್ಲಿ ಅಂಟನ್ನೂ ನಾನೇ ಕಾಯಿಸಿದೆ. ಡ್ರಮ್ಮನ್ನು ಸುಡುಬಿಸಿಲಿಗೆ ತಂದು ನಿಲ್ಲಿಸಿದ್ದೆವು, ಯಾರ ದೃಷ್ಟಿ ಬೇಕಾದರೂ ತಾಕಲಿ ಅಂತ.

ಯಮನೂರಪ್ಪ ಬಂದ. ಅಂಟಿನ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತ, ಬೆರಳು ಅದ್ದಿದ, ನನ್ನನ್ನೇ ನೋಡುತ್ತಾ ಬೇಕಂತಲೇ ಬೆರಳನ್ನು ಬಾಯಿಯ ಹತ್ತಿರ ತಂದ.

ನಾನು ಹಾರಿ ಅವನ ಕೈ ಹಿಡಿದೆ. “ಬ್ಯಾಡ. ಮೈಲುತುತ್ತ ಹಾಕೀನಿ, ಸಾಯ್ತೀರಿ.”

ಅಂಟು ನನ್ನ ಬೆರಳ ಸಂದಿಯಿಂದ ಮೊಣಕೈಗೆ ಇಳಿಯುತ್ತಿತ್ತು. ಎಂಥ ಹೇಸಿಗೆ.

“ಬಿಡ್ರಿ, ನಿಮಗ ಹೇಸಿಗಿ ಆಗ್ತದ,” ಅಂದ. “ಅಂಟು ಹಿಡದದ ನೋಡ್ರಿ.”

“ಅಂಟಲ್ಲ. ನಾನ ಹಿಡದೀನಿ,” ಅಂದೆ.

ಅವ್ವ ಇನ್ನೊಂದು ಪಾತ್ರೆ ಹಿಡಿದು ಬಾಗಿಲಿಗೆ ಬಂದಳು, ನೋಡಿದಳು, ಹಾಗೇ ಒಳಗೆ ಹೋದಳು. ಬಿಸಿಲಿಗೆ ಅಂಟು ನಮ್ಮ ಕೈಮೇಲೆಯೇ ಒಣಗತೊಡಗಿತು.